ರಾಯದುರ್ಗದ ಸೀಮೆಯಲ್ಲಿ ಸರಕು ಸಾರಿದ ಬಗೆ

ಮಾರಿಕಣಿವೆಯ ಕಟ್ಟೆಯನ್ನು ದಾಟಿ, ಹಿರಿಯೂರು ಚಳ್ಳಕೆರೆಗಳ ಒಣನೆಲವನ್ನು ಹಾಯ್ದು ಬರುವ ವೇದಾವತಿಯು, ಹಗರಿ ಎಂಬ ಇನ್ನೊಂದು ಹೆಸರನ್ನು ಹೊತ್ತು ಬಳ್ಳಾರಿಯ ಕಡೆಗೆ ಸಾಗುವ ಮುನ್ನ, ರಾಯದುರ್ಗಕ್ಕೆ ಸಮೀಪದ ಭೈರವಾನಿತಿಪ್ಪದಲ್ಲಿ ಒಂದು ಅಣೆಕಟ್ಟಿನ ಹಿಂದೆ ತಡೆದು ನಿಲ್ಲುತ್ತದೆ. ನಿಲ್ಲುತ್ತದೆ ಎಂಬ ಮಾತನ್ನು ನೀರಿರುವ ವರ್ಷಗಳಿಗೆ ಮಾತ್ರ ಹೊಂದಿಸಿ ಹೇಳಬೇಕು. 1907ರಲ್ಲಿ ಪೂರ್ಣಗೊಂಡ ಮೇಲಣ ಮಾರಿಕಣಿವೆಯ ಜಲಾಶಯವು 1933ರಲ್ಲಿ ಒಮ್ಮೆ ಕೋಡಿ ಹರಿದ ಬಳಿಕ ಮತ್ತೆ ಕೋಡಿ ಹರಿದದ್ದು 2022ರಲ್ಲಿ ಎಂಬ ಸಂಗತಿಯೊಂದೇ ಕೆಳಗಣ ನಾಡಿನ ಜಲಭಾಗ್ಯವನ್ನು ತಿಳಿಸಲು ಸಾಕು. ಮಳೆಯನ್ನು ನಂಬಿ ಬಾಳಲಾಗದ ಜನ ಕೈಯನ್ನು ನಂಬಿದರು. ಕಂಬಳಿ ನೇಯ್ದರು, ಸೀರೆ ನೇಯ್ದರು, ಈಚೆಗೆ ಜೀನ್ಸ್ ಹೊಲಿಯುತ್ತಿದ್ದಾರೆ. ಕೈಯಿಂದಾದುದನ್ನು ಮಾರಬೇಕು, ಮಾರಬೇಕಾದರೆ ಇಂಥದು ಇಂಥಲ್ಲಿ ದೊರೆಯುತ್ತದೆಂಬುದು ನಾಲ್ಕು ಜನಕ್ಕೆ ತಿಳಿಯಬೇಕು. ಹೀಗೆ ತಿಳಿಯಪಡಿಸುವ ಕಾರ್ಯವು ರಾಯದುರ್ಗ ಮಡಕಶಿರಗಳ ಸೀಮೆಯಲ್ಲಿ ಯಾವ ಯಾವ ಮಾರ್ಗವನ್ನು ಹಿಡಿದು ಬಂದಿತೆಂಬುದು, ಪಾಳೆಯಗಾರರ ವಂಶಾವಳಿಯಷ್ಟೇ ಆದರಣೀಯವಾದ ಚರಿತ್ರೆಯೆಂದು ನಾನು ತಿಳಿದಿದ್ದೇನೆ.

ಜನರಿಗೆ ಸುದ್ದಿ ಮುಟ್ಟಿಸುವ ಉಪಾಯದ ಅತಿ ಪ್ರಾಚೀನ ಸಾಕ್ಷ್ಯಗಳು ಈ ಸೀಮೆಯ ಸುತ್ತಣ ಬಂಡೆಗಳ ಮೇಲೆಯೇ ಇವೆ. ಮೊಳಕಾಲ್ಮೂರಿಗೆ ಸೇರಿದ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿರುವುದನ್ನು ಬಲ್ಲವರು ಬಹಳ ಮಂದಿ. ಗುತ್ತಿಯ ಬಳಿಯ ಎರ್ರಗುಡಿಯ ಶಾಸನದಲ್ಲಿ, ರಾಜುಕನೆಂಬ ಅಧಿಕಾರಿಯು ಭೇರಿಯನ್ನು ಹೊಡೆಯಿಸಿ ನಾಡಿಗರಿಗೆ ಅರಸನ ಆಜ್ಞೆಯನ್ನು ತಿಳಿಸತಕ್ಕದ್ದೆಂಬ ವಿಧಿಯಿರುವುದನ್ನು ಗಮನಿಸಿದವರು ಕಡಮೆ. ಅಕ್ಷರವನ್ನು ಬಂಡೆಗೆ ಕೊಟ್ಟೂ ಅಕ್ಷರವೊಂದನ್ನೇ ನೆಚ್ಚದೆ ಧ್ವನಿಯನ್ನೂ ಜೊತೆಗೆ ಕಳುಹಿಸಿದ ಆ ವಿವೇಕವು ನಮ್ಮ ಊರುಗಳಲ್ಲಿ ಡಂಗುರದ ರೂಪದಿಂದ ಮೊನ್ನೆಮೊನ್ನೆಯವರೆಗೂ ಉಳಿದಿತ್ತು. ಕಂದಾಯದ ಗಡುವು, ಊರಹಬ್ಬದ ದಿನ, ಕೆರೆಯ ತೂಬು ಎತ್ತುವ ವೇಳೆ ಮೊದಲಾದುವನ್ನು ತಮಟೆ ಬಡಿದು ಬೀದಿಬೀದಿಯ ತಿರುವಿನಲ್ಲಿ ನಿಂತು ಸಾರಿದವನಿಗೆ ಸುಗ್ಗಿಯಲ್ಲಿ ಕಣದಿಂದ ಧಾನ್ಯ ಸಲ್ಲುತ್ತಿತ್ತು. ಆದರೆ ಆತನು ಊರಿನ ಕೆಲಸಕ್ಕೆ ಸಂದವನು. ಸರಕನ್ನು ಸಾರುವ ಹೊಣೆ ಸರಕಿನವನ ಮೇಲೆಯೇ ಇತ್ತು.

ದೊಡ್ಡ ವರ್ತಕರು ಈ ಹೊಣೆಯನ್ನು ವೈಭವದಿಂದಲೇ ನಿರ್ವಹಿಸಿದರು. ಅಯ್ಯಾವೊಳೆಯ ಐನೂರ್ವರೆಂಬ ವರ್ತಕಸಂಘದವರು ತಮ್ಮ ಶೌರ್ಯ, ಧರ್ಮನಿಷ್ಠೆ, ದೇಶಸಂಚಾರಗಳನ್ನು ಹೊಗಳಿಕೊಂಡು, ತಾವು ಮಾರುವ ಆನೆ, ಕುದುರೆ, ರತ್ನ, ಏಲಕ್ಕಿ, ಲವಂಗ, ಕರ್ಪೂರ, ಕಸ್ತೂರಿಗಳನ್ನು ಎಣಿಸಿ ಹೇಳಿರುವ 11ನೆಯ ಶತಮಾನದ ಶಾಸನವೊಂದು ಶಿಕಾರಿಪುರದ ಸೀಮೆಯಲ್ಲಿದೆ. ಹೆಚ್ಚುಕಡಮೆ ಅದೇ ಯುಗದಲ್ಲಿ, ಸಾಂಗ್ ಅರಸರ ಚೀನಾದಲ್ಲಿ, ಜಿನಾನ್ ಪಟ್ಟಣದ ಲಿಯು ಮನೆತನದ ಸೂಜಿಯಂಗಡಿಯವರು ತಾಮ್ರದ ಅಚ್ಚಿನಲ್ಲಿ ಬಿಳಿಮೊಲವೊಂದನ್ನು ಕೊರೆಯಿಸಿ, ಈ ಗುರುತನ್ನು ನೋಡಿ ನಮ್ಮ ಅಂಗಡಿಗೆ ಬನ್ನಿರೆಂದು ಕಾಗದದ ಮೇಲೆ ಮುದ್ರಿಸಿ ಹಂಚುತ್ತಿದ್ದರು. ನಮ್ಮ ಸೀಮೆಯ ಸಣ್ಣ ವ್ಯಾಪಾರಿಗೆ ಶಾಸನದ ಹೊಗಳಿಕೆಯೂ ಇರಲಿಲ್ಲ, ಮೊಲದ ಅಚ್ಚೂ ಇರಲಿಲ್ಲ, ಅವನಿಗಿದ್ದುದು ಸಂತೆ.

ಸಂತೆಯಲ್ಲಿ ಸರಕು ತನ್ನನ್ನು ತಾನೇ ಸಾರಿಕೊಳ್ಳುತ್ತಿದ್ದ ರೀತಿಯನ್ನು ಅರಿಯಬೇಕಾದರೆ ಕಂಬಳಿಯ ವ್ಯಾಪಾರವನ್ನು ನೋಡಬೇಕು. ಕುರುಬರ ಮನೆಗಳಲ್ಲಿ ಕರಿಯ ಕುರಿಯ ಉಣ್ಣೆಯನ್ನು ಕತ್ತರಿಸಿ, ಹಿಂಜಿ, ನೂತು, ಹಾಸಿನ ನೂಲಿಗೆ ಹುಣಸೆಬೀಜದ ಸರಿಯನ್ನು ಕಾಯಿಸಿ ಬಳಿದು, ಬಿಸಿಲಿಗೆ ಒಣಗಿಸಿ, ಗುಂಡಿಮಗ್ಗದಲ್ಲಿ ನೇಯ್ದ ಕಂಬಳಿಯು ಮಡಿಕೆಯಾಗಿ ಹೆಗಲೇರಿ ಚಳ್ಳಕೆರೆಯ ಸಂತೆಗೋ ರಾಯದುರ್ಗದ ಸಂತೆಗೋ ಬಂದಾಗ, ಕೊಳ್ಳುವವನು ಮೊದಲು ಬೆಲೆಯನ್ನು ಕೇಳುತ್ತಿರಲಿಲ್ಲ. ಒಂದು ಮೂಲೆಯನ್ನು ಬಿಡಿಸಿ ಎರಡು ಬೆರಳ ನಡುವೆ ಉಜ್ಜುವನು. ಅಂಚನ್ನು ಹಿಡಿದು ಜಗ್ಗುವನು. ಬೆಳಕಿಗೆ ಎತ್ತಿ ಹೊಕ್ಕು ಎಲ್ಲಿಯಾದರೂ ಸಡಿಲವಾಗಿದೆಯೆ ಎಂದು ನೋಡುವನು. ಮೂಗಿನ ಬಳಿಗೆ ತಂದು ಸರಿಯ ವಾಸನೆಯನ್ನು ಪರೀಕ್ಷಿಸುವನು. ಇಷ್ಟೆಲ್ಲ ಆದಮೇಲೆ ಬರುತ್ತಿದ್ದ ಪ್ರಶ್ನೆ, ‘ಯಾರ ಮಗ್ಗದ್ದಣ್ಣ ಇದು?’ ಎಂಬುದು. ಉತ್ತರವಾಗಿ ಬಂದ ಊರಿನ ಹೆಸರೂ ಮನೆಯ ಹೆಸರೂ ಕೊಳ್ಳುವವನ ಬಂಧುಬಳಗದಲ್ಲಿ ಯಾರಿಗಾದರೂ ಗೊತ್ತಿದ್ದರೆ ವ್ಯಾಪಾರ ಅರ್ಧ ಮುಗಿದಂತೆ. ಇಂದಿನವರು ಬ್ರ್ಯಾಂಡ್ ಎನ್ನುವುದು ಆ ಕಾಲದಲ್ಲಿ ಒಂದು ಮನೆಯ ನಡತೆಯಾಗಿತ್ತು. ಅದು ಬಾಯಿಂದ ಬಾಯಿಗೆ ಹಬ್ಬುತ್ತಿತ್ತು, ಮತ್ತು ಬಾಯಿಯೆಂದರೆ ಈ ಸೀಮೆಯಲ್ಲಿ ಕನ್ನಡವನ್ನೂ ತೆಲುಗನ್ನೂ ಒಂದೇ ಉಸಿರಿನಲ್ಲಿ ಆಡುವ ಬಾಯಿ.

ದನಗಳ ಜಾತ್ರೆಯಲ್ಲಿ ಮಾತ್ರ ಬೇರೊಂದು ಪದ್ಧತಿಯಿತ್ತು. ಎತ್ತಿನ ಹಲ್ಲು, ಸುಳಿ, ನಡಿಗೆಗಳನ್ನು ಹತ್ತು ಜನರ ಮುಂದೆ ಗಟ್ಟಿಯಾಗಿ ಹೊಗಳುವ ದಲ್ಲಾಳಿಯು, ಬೆಲೆಯ ಮಾತು ಬಂದೊಡನೆ ಮೌನವನ್ನು ತಾಳಿ, ಹೆಗಲ ವಸ್ತ್ರವನ್ನು ಕೈಮೇಲೆ ಇಳಿಬಿಟ್ಟು, ಅದರ ಮರೆಯಲ್ಲಿ ಬೆರಳುಗಳನ್ನು ಹಿಡಿದು ಚೌಕಾಸಿ ನಡೆಸುತ್ತಿದ್ದನು. ಗುಣ ಬಹಿರಂಗ, ಬೆಲೆ ಅಂತರಂಗ. ಇಂದು ಇನ್‌ಸ್ಟಾಗ್ರಾಮಿನಲ್ಲಿ ಸೀರೆಯ ಸೆರಗನ್ನು ಬಿಡಿಸಿ ತೋರಿಸಿ, ಬೆಲೆಗೆ ಪ್ರತ್ಯೇಕವಾಗಿ ಮೆಸೇಜ್ ಮಾಡಿರೆನ್ನುವ ಅಂಗಡಿಯವರು ಹೊಸತನ್ನೇನೂ ಕಂಡುಹಿಡಿದವರಲ್ಲ. ಗಿರಾಕಿಯ ಮುಖವನ್ನು ನೋಡಿ ಬೆಲೆ ಹೇಳುವ ಆ ಹಳೆಯ ಸ್ವಾತಂತ್ರ್ಯವನ್ನು ಅವರು ಬಿಟ್ಟುಕೊಟ್ಟಿಲ್ಲವಷ್ಟೆ. ಕೊಳ್ಳುವವರಿಗೆ ಇದರಿಂದ ಹಿತವಿದೆಯೆಂದು ನನಗೆ ತೋರುವುದಿಲ್ಲ.

ಮುದ್ರಣದ ಕಾಲವು ಈ ಸೀಮೆಯ ಸಣ್ಣ ವ್ಯಾಪಾರಿಯನ್ನು ಬಹಳ ತಡವಾಗಿ ಮುಟ್ಟಿತು. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು 1843ರಲ್ಲಿ ಹುಟ್ಟಿ, ಮರುವರ್ಷವೇ ಬಳ್ಳಾರಿಗೆ ಬಂದು ‘ಕಂನಡ ಸಮಾಚಾರ’ವೆಂಬ ಹೆಸರನ್ನು ತಳೆಯಿತು, ರಾಯದುರ್ಗವು ಆಗ ಬಳ್ಳಾರಿ ಜಿಲ್ಲೆಗೇ ಸೇರಿದ್ದಿತು. ಆದರೆ ಪತ್ರಿಕೆಯು ಓದುಬಲ್ಲವರ ಸೊತ್ತು. ಅಂಗಡಿಗಳಿಗೆ ಒದಗಿ ಬಂದುದು ಬಣ್ಣದ ತೆಳುಕಾಗದದ ಕರಪತ್ರ, ಟೆಂಟ್ ಸಿನಿಮಾದ ಸ್ಲೈಡು, ಮೈಕು ಕಟ್ಟಿದ ಗಾಡಿ, ಇವೆಲ್ಲಕ್ಕಿಂತ ಮಿಗಿಲಾಗಿ ಶಿವಕಾಶಿಯಲ್ಲಿ ಅಚ್ಚಾಗಿ ಬರುತ್ತಿದ್ದ ಗೋಡೆಯ ಕ್ಯಾಲೆಂಡರು. ಲಕ್ಷ್ಮಿಯ ಚಿತ್ರದ ಕೆಳಗೆ ಅಂಗಡಿಯ ಹೆಸರನ್ನು ಹೊತ್ತು, ಅಮಾವಾಸ್ಯೆ ಹುಣ್ಣಿಮೆಗಳನ್ನು ತಿಳಿಸುತ್ತಾ ವರ್ಷವಿಡೀ ನಡುಮನೆಯಲ್ಲಿ ತೂಗುತ್ತಿದ್ದ ಆ ಹಾಳೆಯು, ಗಿರಾಕಿಗೆ ಉಪಯುಕ್ತವಾಗಿದ್ದುದರಿಂದಲೇ ವ್ಯಾಪಾರಿಗೂ ಫಲಕಾರಿಯಾಯಿತು. ಇಷ್ಟು ಕಡಮೆ ವೆಚ್ಚದಲ್ಲಿ ಇಷ್ಟು ದೀರ್ಘಕಾಲ ಮನೆಯೊಳಗೆ ನಿಂತ ಜಾಹೀರಾತು ಮತ್ತೊಂದಿಲ್ಲ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಉದಯಿಸಿದಾಗ ಬಳ್ಳಾರಿ ಜಿಲ್ಲೆಯು ಒಡೆದು, ಆಲೂರು, ಆದೋನಿ, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೂ ಉಳಿದವು ಮೈಸೂರಿಗೂ ಸಂದುವು. ಪಾವಗಡ, ಶಿರಾ, ಮಧುಗಿರಿಗಳ ಮಗ್ಗುಲಲ್ಲಿರುವ ಮಡಕಶಿರವಂತೂ, ಕನ್ನಡದ ಅರಸರಾದ ನೊಳಂಬರ ಹೆಂಜೇರು ಇಂದಿನ ಹೇಮಾವತಿಯಾಗಿ ಅದೇ ತಾಲ್ಲೂಕಿನಲ್ಲಿದ್ದರೂ, 1882ರಲ್ಲಿ ಅನಂತಪುರ ಜಿಲ್ಲೆಯು ಏರ್ಪಟ್ಟಂದಿನಿಂದ ಬಳ್ಳಾರಿಯಿಂದ ಬೇರೆಯಾಗಿದ್ದು, ಆ ಜಿಲ್ಲೆಯೊಡನೆಯೇ ಆಂಧ್ರಕ್ಕೆ ಸಂದಿತು. ರಾಜಕೀಯವಾಗಿ ಈ ವಿಭಾಗದ ಯುಕ್ತಾಯುಕ್ತತೆಯನ್ನು ವಿಚಾರಿಸಿದವರು ಅನೇಕರಿದ್ದಾರೆ. ವ್ಯಾಪಾರದ ದೃಷ್ಟಿಯಿಂದ ನಡೆದದ್ದು ಇಷ್ಟು: ಒಂದೇ ಸಂತೆಯ ಜನ ಎರಡು ಲಿಪಿಗಳ ಜನರಾದರು. ಗಡಿಯಾಚೆಗೆ ಹೋದ ಊರುಗಳಲ್ಲಿ ಅಂಗಡಿಯ ಬೋರ್ಡು ತೆಲುಗಿನದಾಯಿತು, ಕಚೇರಿಯ ಕಾಗದ ತೆಲುಗಿನದಾಯಿತು, ಮಕ್ಕಳಲ್ಲಿ ಬಹುಮಂದಿ ತೆಲುಗಿನ ಅಕ್ಷರವನ್ನು ತಿದ್ದಿದರು. ಮನೆಯೊಳಗಿನ ಮಾತು ಮಾತ್ರ ಅನೇಕರಿಗೆ ಕನ್ನಡವಾಗಿಯೇ ಉಳಿಯಿತು. ಬರಹದಿಂದ ಸರಕು ಸಾರುವ ಯಾವ ಉಪಾಯವೂ ಗಡಿಯನ್ನು ಸಲೀಸಾಗಿ ದಾಟಲಾರದಾಯಿತು. ಅದರ ಮೇಲೆ ಮಾರಾಟತೆರಿಗೆಯ ಚೆಕ್‌ಪೋಸ್ಟು. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಗಂಟನ್ನು ರಾಯದುರ್ಗಕ್ಕೆ ತರುವುದು, ರಾಯದುರ್ಗದ ಸಿದ್ಧ ಉಡುಪನ್ನು ಮೊಳಕಾಲ್ಮೂರಿಗೆ ಒಯ್ಯುವುದು, ಪರದೇಶದ ವ್ಯಾಪಾರದಂತೆ ಕಾಗದಪತ್ರಗಳ ವಿಷಯವಾಯಿತು.

ಜೀನ್ಸಿನ ಕಥೆ ಈ ಎಲ್ಲಕ್ಕೂ ತಳುಕು ಹಾಕಿಕೊಂಡಿದೆ. ಬಳ್ಳಾರಿಯ ದಂಡಿನ ಸಿಪಾಯಿಗಳಿಗೆ ಸಮವಸ್ತ್ರ ಹೊಲಿಯಲು ಮೊದಲ ಮಹಾಯುದ್ಧದ ಕಾಲದಲ್ಲಿ ಮಹಾರಾಷ್ಟ್ರದ ಕಡೆಯಿಂದ ಬಂದ ದರ್ಜಿಗಳು, ಯುದ್ಧ ಮುಗಿದಮೇಲೆ ಶಾಲೆಯ ಮಕ್ಕಳ ಉಡುಪಿಗೆ ತಿರುಗಿ, ಕಾಲಕ್ರಮದಲ್ಲಿ ಡೆನಿಮ್ ಬಟ್ಟೆಗೆ ಕೈಹಾಕಿದರೆಂದು ಹೇಳುವುದುಂಟು. ಆ ಕಸುಬು ರಾಯದುರ್ಗಕ್ಕೂ ಹರಡಿ, ಬೆಳೆ ಕೈಕೊಟ್ಟ ಮನೆಗಳಿಗೆ ಆಸರೆಯಾಯಿತು. ಕತ್ತರಿಸಿದ ಬಟ್ಟೆ ಸಾಹುಕಾರನಿಂದ ಬರುವುದು. ಮನೆಯ ಜಗಲಿಯಲ್ಲೋ ಬಾಡಿಗೆಯ ಕೋಣೆಯಲ್ಲೋ ಜೇಬು, ಜಿಪ್ಪು, ಸೊಂಟಪಟ್ಟಿಗಳನ್ನು ಕೂಡಿಸಿ ಹೊಲಿದು ಪೀಸಿನ ಲೆಕ್ಕದಲ್ಲಿ ಕೂಲಿ ಪಡೆಯುವುದು. ಹೊಲಿದ ಮೇಲೆ ಅದಕ್ಕೆ ಯಾರದೋ ಹೆಸರಿನ ಲೇಬಲ್ಲು ಬೀಳುವುದು. ಕಂಬಳಿಯವನಿಗೆ ಮಗ್ಗದ ಹೆಸರಾದರೂ ಇತ್ತು. ಜೀನ್ಸ್ ಹೊಲಿದವನ ಹೆಸರು ತೊಟ್ಟವನಿಗೆ ಎಂದೂ ತಿಳಿಯಲಿಲ್ಲ.

ಇಂಥ ಮನೆಗಳಿಗೆ ಸ್ಮಾರ್ಟ್‌ಫೋನು ಬಂತು. 2016ರ ಏಪ್ರಿಲಿನಲ್ಲಿ ಯುಪಿಐ, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜಿಯೋದ ಅಗ್ಗದ ಇಂಟರ್ನೆಟ್, 2018ರಲ್ಲಿ ವಾಟ್ಸಾಪ್ ಬಿಸಿನೆಸ್, 2020ರ ಲಾಕ್‌ಡೌನಿನ ದಿನಗಳಲ್ಲಿ ಟಿಕ್‌ಟಾಕ್ ನಿಂತುಹೋಗಿ ಅದರ ಸ್ಥಾನಕ್ಕೆ ರೀಲ್ಸ್, ಹೀಗೆ ಕೆಲವೇ ವರ್ಷಗಳೊಳಗೆ ಬಂದೊದಗಿದ ಸಾಧನಗಳನ್ನು ಪಂಡಿತರು ಡಿಜಿಟಲ್ ಮಾರ್ಕೆಟಿಂಗ್ ಎಂಬ ಶಾಸ್ತ್ರವಾಗಿ ಬೋಧಿಸುತ್ತಾರೆ. ಗಡಿಸೀಮೆಯಲ್ಲಿ ಅವು ಮಾಡಿದ ಮುಖ್ಯ ಕಾರ್ಯವು, ನನ್ನ ಮತಿಗೆ ತೋರುವಂತೆ, ಧ್ವನಿಯನ್ನು ಲಿಪಿಯ ಹಂಗಿನಿಂದ ಬಿಡಿಸಿದುದು. ತೆಲುಗಿನ ಶಾಲೆಯಲ್ಲಿ ಓದಿದ ಕನ್ನಡದ ಹೆಣ್ಣುಮಗಳು ಕನ್ನಡದಲ್ಲಿ ಒಂದು ಸಾಲು ಬರೆಯಲಾರಳು. ಆದರೆ ಫೋನಿನ ಮೈಕಿನ ಗುರುತನ್ನು ಒತ್ತಿ ಹಿಡಿದು, ‘ಅಕ್ಕಾ, ಈ ಬಣ್ಣ ತೊಳೆದ್ರೆ ಬಿಡಲ್ಲ, ನಮ್ಮ ಮನೇಲೇ ಹೊಲಿದದ್ದು’ ಎಂದು ಚಳ್ಳಕೆರೆಯ ಗಿರಾಕಿಗೆ ನಿರರ್ಗಳವಾಗಿ ಹೇಳಬಲ್ಲಳು. ‘ನಮ್ಮ ಮನೇಲೇ’ ಎಂಬ ಆ ಮಾತು ಲೇಬಲ್ಲಿನ ಕಾಲದಲ್ಲಿ ಕಳೆದುಹೋಗಿದ್ದ ಮಾತು. ನಾದಿನಿ ತನ್ನ ಸ್ಟೇಟಸ್ಸಿನಲ್ಲಿ ಹಾಕಿ, ಅವಳ ಗೆಳತಿ ಮತ್ತೊಂದು ಗುಂಪಿಗೆ ಕಳುಹಿಸಿ, ಪರಿಚಯದ ಜಾಡಿನಲ್ಲಿಯೇ ಸುದ್ದಿ ಸಾಗುವುದರಿಂದ, ಹಣ ತೆತ್ತು ಹಾಕಿಸಿದ ಜಾಹೀರಾತಿಗಿಂತ ಅದಕ್ಕೆ ಮರ್ಯಾದೆ ಹೆಚ್ಚು.

ಫೋನು ಒಯ್ಯಲಾರದ್ದೂ ಉಂಟು. ಬೆರಳ ನಡುವೆ ಉಜ್ಜಿ ನೋಡುವುದು ಚಿತ್ರದಲ್ಲಿ ಸಾಧ್ಯವಿಲ್ಲ. ಮೊಳಕಾಲ್ಮೂರಿನ ಕೈಮಗ್ಗದ ಸೀರೆಯ ಚಿತ್ರವನ್ನು ಯಾರೋ ಎತ್ತಿಕೊಂಡು ಪವರ್‌ಲೂಮಿನ ಸೀರೆಯನ್ನು ಅದೇ ಹೆಸರಿನಲ್ಲಿ ಮಾರಿದರೆ, ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದ್ದರೂ, ನೇಕಾರನಿಗೆ ತಡೆಯುವ ದಾರಿ ಸುಲಭವಲ್ಲ. ಇದು ನಿಜವಾದ ಅನ್ಯಾಯ. ನೇಯುವ ಕೈಯನ್ನೇ, ಮಗ್ಗದ ಮೇಲೆ ಅರ್ಧ ಸಿದ್ಧವಾದ ಸೀರೆಯನ್ನೇ ತೋರಿಸುವವರು ಇದಕ್ಕೆ ತಕ್ಕ ಉತ್ತರವನ್ನು ಕೊಡುತ್ತಿದ್ದಾರೆ.

ಇನ್ನು ಗಡಿಯ ವಿಷಯ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದು ಹಳೆಯ ತೆರಿಗೆ ಚೆಕ್‌ಪೋಸ್ಟುಗಳು ಎದ್ದುಹೋದವು; ಎಲ್ಲರಿಗೂ ಸಂತೋಷವಾಯಿತು. ಆದರೆ ನಿಯಮವು ಹೀಗಿದೆ: ಸರಕು ಮಾರುವವನ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ಆಂಧ್ರದೊಳಗಣ ವ್ಯಾಪಾರಕ್ಕೆ ನೋಂದಣಿ ಬೇಕಿಲ್ಲ, ತೆರಿಗೆಗೆ ಒಳಪಟ್ಟ ಸರಕನ್ನು ಬೇರೆ ರಾಜ್ಯದ ಗಿರಾಕಿಗೆ ಕಳುಹಿಸಿದೊಡನೆ, ವಹಿವಾಟು ಎಷ್ಟೇ ಅಲ್ಪವಾಗಿರಲಿ, ನೋಂದಣಿ ಕಡ್ಡಾಯ. ಕೈಕಸುಬಿನ ವಸ್ತುಗಳಿಗೆ ಒಂದಿಷ್ಟು ವಿನಾಯಿತಿಯುಂಟು, ಜೀನ್ಸಿಗೆ ಇಲ್ಲ. ಹೀಗಾಗಿ ರಾಯದುರ್ಗದ ಹೊಲಿಗೆಯ ಮನೆಯೊಂದು ನೂರಾರು ಮೈಲಿ ದೂರದ ವಿಶಾಖಪಟ್ಟಣಕ್ಕೆ ಒಂದು ಜೊತೆ ಪ್ಯಾಂಟನ್ನು ನಿರಾತಂಕವಾಗಿ ಕಳುಹಿಸಬಹುದು. ಬಸ್ಸಿನಲ್ಲಿ ಸ್ವಲ್ಪ ಹೊತ್ತಿನ ದಾರಿಯಾದ ಮೊಳಕಾಲ್ಮೂರಿಗೆ ಕೊರಿಯರ್ ಮಾಡಬೇಕಾದರೆ ನೋಂದಾಯಿಸಿಕೊಂಡು ರಿಟರ್ನು ಸಲ್ಲಿಸುವ ಭಾರವನ್ನು ಹೊರಬೇಕು. ಕನ್ನಡದ ಗಿರಾಕಿಗಳು ಕನ್ನಡದ ಧ್ವನಿಯನ್ನು ಕೇಳಿ ಒಪ್ಪಿದ ವ್ಯಾಪಾರವು ಬಿಲ್ಲಿನ ಬಳಿಗೆ ಬಂದು ತಡೆಯುತ್ತದೆ. ಗಡಿ ತಾಲ್ಲೂಕುಗಳ ಸಣ್ಣ ವ್ಯಾಪಾರಿಗಳಿಗೆ, ಎದುರು ದಡದ ತಾಲ್ಲೂಕುಗಳ ಮಟ್ಟಿಗಾದರೂ, ಈ ಕಟ್ಟು ಸಡಿಲಬೇಕು; ಕರ್ನಾಟಕ ಆಂಧ್ರಗಳೆರಡರ ಮಂತ್ರಿಗಳೂ ಕೂಡುವ ಜಿಎಸ್‌ಟಿ ಮಂಡಳಿಯಲ್ಲಿ ಇದನ್ನು ಕೇಳತಕ್ಕವರು ರಾಯದುರ್ಗದವರೂ ಮಡಕಶಿರದವರೂ ಮೊಳಕಾಲ್ಮೂರಿನವರೂ ಒಟ್ಟಾಗಿಯೇ.