ಜಿಂಕೆಗೆ ಯಾವ ಬೋರು? ಮಾಗಡಿ ಕಾಡಿನ ಬಂದೂಕುಗಳ ಕಥೆ



ಫೋನ್ ಕೈಯಲ್ಲೇ ಇದೆಯಲ್ಲ, ಮ್ಯಾಪ್ ತೆಗೆದು ತಿಪ್ಪಸಂದ್ರ ಅಂತ ಹುಡುಕಿ ನೋಡಿ. ಎರಡು ಸಿಗುತ್ತವೆ. ಒಂದು ಬೆಂಗಳೂರಿನಲ್ಲಿ, ಎಚ್‌ಎಎಲ್ ಪಕ್ಕದ್ದು: ಪಿಜಿ, ದರ್ಶಿನಿ, ಟ್ರಾಫಿಕ್ಕು. ಇನ್ನೊಂದು ಮಾಗಡಿ ತಾಲ್ಲೂಕಿನ ಹೋಬಳಿ: ರಾಗಿ ಹೊಲ, ಮಾವಿನ ತೋಪು, ಬಂಡೆ, ಕುರುಚಲು ಕಾಡು. ಈ ಕಥೆಯ ಒಬ್ಬ ಮನುಷ್ಯ ಮೊದಲನೇ ತಿಪ್ಪಸಂದ್ರದ ಪಕ್ಕ ವಿಮಾನ ಕಾರ್ಖಾನೆಯಲ್ಲಿ ನೌಕರಿ ಮಾಡ್ತಿದ್ದ. ರಜೆ ಸಿಕ್ಕರೆ ರೈಫಲ್ ಹಿಡಿದು ಎರಡನೇ ತಿಪ್ಪಸಂದ್ರ ಇರೋ ಮಾಗಡಿ ಸೀಮೆಯಂಥ ಕಾಡುಗಳಿಗೆ ಹೋಗ್ತಿದ್ದ. ಕೆನೆತ್ ಆಂಡರ್ಸನ್. 1910ರಲ್ಲಿ ಹುಟ್ಟಿ 1974ರಲ್ಲಿ ತೀರಿಕೊಂಡವನು. ನಮ್ಮಲ್ಲಿ ಬಹಳ ಜನಕ್ಕೆ ಇವನು ಗೊತ್ತಾಗಿದ್ದು ತೇಜಸ್ವಿಯವರ 'ಕಾಡಿನ ಕಥೆಗಳು' ಮೂಲಕ. ಅದರಲ್ಲಿ ಒಂದು ಪುಸ್ತಕದ ಹೆಸರೇ 'ಮುನಿಶಾಮಿ ಮತ್ತು ಮಾಗಡಿ ಚಿರತೆ'.

ಈಗ ಯಾಕೆ ಇವನ ಸುದ್ದಿ ಅಂದರೆ, ಯೂಟ್ಯೂಬಲ್ಲಿ ಅಮೆರಿಕದವರ ವಿಡಿಯೋಗಳನ್ನ ನೀವೂ ನೋಡಿರ್ತೀರಿ. ಜಿಂಕೆ ಹೊಡೆಯೋಕೆ ಯಾವ ಕ್ಯಾಲಿಬರ್ ಒಳ್ಳೇದು, .270ನಾ, .308ನಾ, .30-06ನಾ ಅಂತ ಗಂಟೆಗಟ್ಟಲೆ ಜಗಳ. ಅದನ್ನ ನೋಡ್ತಾ ನನಗೆ ಒಂದು ಪ್ರಶ್ನೆ ಬಂತು. ನಮ್ಮ ಮಾಗಡಿ, ಕನಕಪುರ ಕಡೆ ಬೇಟೆ ಇನ್ನೂ ಕಾನೂನಿನ ಒಳಗೇ ಇದ್ದ ಕಾಲದಲ್ಲಿ ಜನ ಇದನ್ನ ಹೇಗೆ ಆರಿಸ್ತಿದ್ದರು? ಹುಡುಕುತ್ತಾ ಹೋದ ಹಾಗೆ ಗೊತ್ತಾಗಿದ್ದು ಇಷ್ಟು. ಅವರು ಆರಿಸ್ತಾನೇ ಇರಲಿಲ್ಲ. ಅವರ ಪರವಾಗಿ ಬೇರೆ ಯಾರೋ ಆರಿಸಿ ಆಗಿತ್ತು.

(ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಇವತ್ತು ಜಿಂಕೆ ಹೊಡೆದರೆ ಜೈಲು. ಇದು ಇತಿಹಾಸ, ಸಲಹೆ ಅಲ್ಲ.)

ಮೊದಲು ಈ ಅಂಕಿಗಳ ಗೊಂದಲ ಬಿಡಿಸೋಣ. ರೈಫಲ್‌ಗೆ .405 ಅಂದರೆ ನಳಿಗೆಯ ಒಳವ್ಯಾಸ ಹೆಚ್ಚುಕಡಿಮೆ ಒಂದು ಇಂಚಿನ ಸಾವಿರದಲ್ಲಿ 405 ಭಾಗ, ಅಂದರೆ ಸುಮಾರು 10.3 ಮಿಲಿಮೀಟರ್. ಬಂದೂಕಿಗೆ, ಅಂದರೆ ಚರೆ ಹಾರಿಸೋ ಶಾಟ್‌ಗನ್‌ಗೆ, ಲೆಕ್ಕವೇ ಬೇರೆ. ಒಂದು ಪೌಂಡ್ ಸೀಸ ತಗೊಂಡು ಮುದ್ದೆ ಕಟ್ಟಿದ ಹಾಗೆ 12 ಸಮ ಉಂಡೆ ಮಾಡಿ. ಅದರಲ್ಲಿ ಒಂದು ಉಂಡೆ ಯಾವ ನಳಿಗೆಗೆ ಸರಿಯಾಗಿ ಕೂರುತ್ತೋ ಅದು 12 ಬೋರ್. ಸುಮಾರು 18.5 ಮಿಲಿಮೀಟರ್. 16 ಉಂಡೆ ಮಾಡಿದರೆ ಉಂಡೆ ಚಿಕ್ಕದು, ನಳಿಗೆಯೂ ಚಿಕ್ಕದು. ಹಾಗಾಗಿ ಇಲ್ಲಿ ಅಂಕಿ ಏರಿದಷ್ಟೂ ತೂತು ಸಣ್ಣದಾಗುತ್ತೆ.

ಆಂಡರ್ಸನ್ ಹತ್ತಿರ ಇದ್ದದ್ದು .405 ವಿಂಚೆಸ್ಟರ್, 1895ರ ಮಾಡೆಲ್. ಕೆಳಗಿನ ಲಿವರ್ ಎಳೆದು ಮುಂದಿನ ಗುಂಡು ಏರಿಸೋ ಅಮೆರಿಕನ್ ರೈಫಲ್. ಈ ತೋಟಾ ಬಂದಿದ್ದು 1904ರಲ್ಲಿ. ಗುಂಡಿನ ತೂಕ 300 ಗ್ರೇನ್, ಅಂದರೆ 19 ಗ್ರಾಂ ಮೇಲೆ. ಅಮೆರಿಕದ ಅಧ್ಯಕ್ಷನಾಗಿದ್ದ ಥಿಯೋಡರ್ ರೂಸ್ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಸಿಂಹದ ಬೇಟೆಗೆ ಹೋದಾಗ ಹಿಡಿದದ್ದೂ ಇದೇ. ನಮ್ಮ ಚುಕ್ಕೆ ಜಿಂಕೆಯ ಗಂಡು 80-90 ಕೆ.ಜಿ. ದಾಟೋದು ಅಪರೂಪ. ಅದಕ್ಕೆ .405 ಅಂದರೆ ತಿಗಣೆ ಸಾಯಿಸೋಕೆ ಒನಕೆ ತಗೊಂಡ ಹಾಗೆ. ಕಡವೆಗಾದರೆ ಸರಿ ಅನ್ನಬಹುದು, ಗಂಡು ಕಡವೆ 250 ಕೆ.ಜಿ. ಮೀರಬಹುದು. ಆದರೆ ಆಂಡರ್ಸನ್ ಅದನ್ನ ಹಿಡಿದದ್ದು ಹುಲಿ, ಚಿರತೆ, ಪುಂಡಾನೆ ಎದುರಿಗೆ ಬಂದರೆ ಇರಲಿ ಅಂತ. ಎಲ್ಲದಕ್ಕೂ ಒಂದೇ ರೈಫಲ್.

ಉತ್ತರದ ಜಿಮ್ ಕಾರ್ಬೆಟ್ ಇದರ ಉಲ್ಟಾ. ಅವನಿಗೆ ಹೆಸರು ತಂದದ್ದು .275 ರಿಗ್ಬಿ, ಬರೀ 7 ಮಿಲಿಮೀಟರ್ ಗುಂಡು. ಚಂಪಾವತ್ ಹುಲಿ ಹೊಡೆದದ್ದಕ್ಕೆ 1907ರಲ್ಲಿ ಸರ್ಕಾರದ ಕಡೆಯಿಂದ ಬಂದ ಬಹುಮಾನ ಅದು. ಆಫ್ರಿಕಾದಲ್ಲಿ ಬೆಲ್ ಅನ್ನೋ ಬೇಟೆಗಾರ ಅದೇ ಅಳತೆಯ ಗುಂಡಿನಲ್ಲಿ ನೂರಾರು ಆನೆ ಕೆಡವಿದ. ಹಾಗಾಗಿ ದೊಡ್ಡ ತೂತಿದ್ದರೆ ದೊಡ್ಡ ಬೇಟೆ ಅನ್ನೋದು ಆವಾಗಲೂ ನಿಜ ಇರಲಿಲ್ಲ. ಎಲ್ಲಿ ಹೊಡೀತೀರಿ, ಗುಂಡು ಒಳಗೆ ಹೋಗಿ ಏನಾಗುತ್ತೆ, ಅದು ಮುಖ್ಯ.

ಈಗ ಕಾನೂನಿಗೆ ಬರೋಣ, ಮಜಾ ಇರೋದು ಇಲ್ಲೇ.

1857ರ ಪೆಟ್ಟು ಬ್ರಿಟಿಷರು ಮರೆತಿರಲಿಲ್ಲ. 1878ರ ಶಸ್ತ್ರಾಸ್ತ್ರ ಕಾಯ್ದೆ ಬಂದ ಮೇಲೆ ಬಂದೂಕಿಗೆ ಲೈಸೆನ್ಸ್ ಬೇಕಾಯ್ತು. ಕೊಡವರಿಗೆ ಮಾತ್ರ ವಿನಾಯಿತಿ, ಅದು ಬೇರೆಯದೇ ದೊಡ್ಡ ಕಥೆ. ಆಮೇಲೆ 1907ರಲ್ಲಿ ಇನ್ನೊಂದು ಹುಕುಂ: ಇಂಡಿಯಾ ಮತ್ತು ಸುಡಾನ್‌ಗೆ .450 ಅಳತೆಯ ರೈಫಲ್ಲೂ ತೋಟಾನೂ ತರೋ ಹಾಗಿಲ್ಲ. ಆಗ ಅದು ಹುಲಿ, ಕಾಟಿ ಬೇಟೆಗೆ ಸಾಹೇಬರ ಅಚ್ಚುಮೆಚ್ಚಿನ ಅಳತೆ. ಕಾರಣ? ಸೇನೆಯ ಹಳೇ ಮಾರ್ಟಿನಿ-ಹೆನ್ರಿ ರೈಫಲ್‌ಗಳ ಅಳತೆಯೂ .450. ಬೇಟೆಗೆ ಅಂತ ಬಂದ ಗುಂಡು ದಂಗೆಕೋರರ ಕೈಗೆ ಹೋದರೆ ಅನ್ನೋ ಭಯ. ಲಂಡನ್ನಿನ ಬಂದೂಕು ಕಂಪನಿಗಳು ಸುಮ್ಮನೆ ಕೂರಲಿಲ್ಲ. ಇಂಡಿಯಾದ ಗಿರಾಕಿ ಕಳ್ಕೊಂಡರೆ ಹೊಟ್ಟೆಗೇನು? ಅಳತೆಯನ್ನ ಒಂದಿಷ್ಟು ಸರಿಸಿದವು. .465, .470, .475 ಅಂತ ಹೊಸ ತೋಟಾಗಳು ಅದೇ ಸುಮಾರಿಗೆ ಅಂಗಡಿಗೆ ಬಂದವು. ಇವತ್ತಿಗೂ ಆಫ್ರಿಕಾದಲ್ಲಿ ಆನೆ ಬೇಟೆಗೆ ಪ್ರಸಿದ್ಧವಾದ .470 ಹುಟ್ಟಿದ್ದು ಹೀಗೆ. ಬ್ರಿಟಿಷರಿಗೆ ನಮ್ಮ ಮೇಲಿದ್ದ ಭಯದಿಂದ.

ಮೈಸೂರು ಬೇರೆ ಸಂಸ್ಥಾನ ಅಲ್ವಾ ಅಂತ ಕೇಳಬಹುದು. ಹೌದು, ಬೇಟೆಗೆ ತನ್ನದೇ ನಿಯಮ ಇತ್ತು, 1901ರಲ್ಲೇ ಬೇಟೆ ಪ್ರಾಣಿ ಮತ್ತು ಮೀನಿನ ರಕ್ಷಣೆಗೆ ರೆಗ್ಯುಲೇಷನ್ ಬಂದಿತ್ತು. ಆದರೆ ಸಂಸ್ಥಾನಕ್ಕೆ ಸಮುದ್ರವೇ ಇಲ್ಲ. ವಿದೇಶದ ಬಂದೂಕು ಇಳಿಯಬೇಕಾದ್ದು ಬ್ರಿಟಿಷರ ಬಂದರಿನಲ್ಲಿ.

ಸೈನ್ಯದ .303ರ ಕಥೆಯೂ ಇದೇ. ನಾಗರಿಕರ ಕೈಗೆ ಸಿಗಬಾರದು. ಹಾಗಾದರೆ ಏನು ಕೊಡೋದು? ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಸೈನ್ಯ ಬಳಸ್ತಿದ್ದ 8 ಮಿಲಿಮೀಟರ್ ಮ್ಯಾನ್ಲಿಕರ್ ತೋಟಾ ಒಂದಿತ್ತು. ಅದನ್ನ ಇಂಚಿನ ಲೆಕ್ಕಕ್ಕೆ ತಿರುಗಿಸಿ .315 ಅಂತ ಕರೆದು, ಬಿಎಸ್‌ಎ ಕಂಪನಿ ಅದಕ್ಕೆ ರೈಫಲ್ ಮಾಡಿತು. ಹೌದು, ಬುಲೆಟ್‌ಗೂ ಮುಂಚೆ ಬೈಕ್ ಮಾಡ್ತಿದ್ದ ಅದೇ ಬಿಎಸ್‌ಎ. ನಳಿಗೆಯ ಅಳತೆಯಲ್ಲಿ .303ಕ್ಕೂ .315ಕ್ಕೂ ವ್ಯತ್ಯಾಸ 0.3 ಮಿಲಿಮೀಟರ್. ತೋಟಾದ ಆಕಾರ ಬೇರೆ, ಒಂದರದ್ದು ಇನ್ನೊಂದಕ್ಕೆ ಅಂತ ಅಲ್ಲ. ಒಂದಕ್ಕೆ ಲೈಸೆನ್ಸ್, ಇನ್ನೊಂದಕ್ಕೆ ಜೈಲು. ಸ್ವಾತಂತ್ರ್ಯ ಬಂದ ಮೇಲೂ ಇದು ಬದಲಾಗಲಿಲ್ಲ. 1959ರ ಕಾಯ್ದೆ, 1962ರ ನಿಯಮಗಳು ಸೇನೆಯ .303 ಮತ್ತು 7.62 ಗುಂಡು ಹಾಕಿ ಹಾರಿಸೋಕೆ ಬರೋ ಯಾವ ರೈಫಲ್ಲೂ ಸಾಮಾನ್ಯರಿಗೆ ಇಲ್ಲ ಅಂದವು. ಪಶ್ಚಿಮ ಬಂಗಾಳದ ಇಛಾಪುರದ ಸರ್ಕಾರಿ ಕಾರ್ಖಾನೆ .315 ಮಾಡ್ತಾ ಬಂತು. ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯ 1918ರಲ್ಲೇ ಮುಳುಗಿತು. ಅದರ ತೋಟಾ ನಮ್ಮ ರೈತರ, ಸೆಕ್ಯುರಿಟಿ ಗಾರ್ಡ್‌ಗಳ ಹೆಗಲ ಮೇಲೆ ಬದುಕಿಕೊಂಡಿತು.

ಇಷ್ಟೆಲ್ಲ ನಿಯಮದಲ್ಲಿ ಜಿಂಕೆ ಎಲ್ಲಿದೆ ಹುಡುಕಿ. ಇಲ್ಲ. ಪ್ರತಿ ಅಳತೆಯ ಹಿಂದೆ ಇರೋ ಪ್ರಶ್ನೆ ಒಂದೇ: ಇದರಿಂದ ಸರ್ಕಾರದ ಸಿಪಾಯಿಗೆ ಅಪಾಯವಾ?

ಅದೇ ಬ್ರಿಟಿಷರು ತಮ್ಮ ಮನೆಯಲ್ಲಿ ಮಾಡಿದ್ದು ನೋಡಿ. ಇಂಗ್ಲೆಂಡಿನ 1991ರ ಜಿಂಕೆ ಕಾಯ್ದೆ ಪ್ರಕಾರ ಜಿಂಕೆ ಹೊಡೆಯೋ ರೈಫಲ್ ಸಾಮಾನ್ಯವಾಗಿ .240ಕ್ಕಿಂತ ಚಿಕ್ಕದಿರಬಾರದು, ಗುಂಡಿನ ಶಕ್ತಿ 1,700 ಅಡಿ-ಪೌಂಡ್‌ಗಿಂತ ಕಡಿಮೆ ಇರಬಾರದು. ಚರೆ ಬಂದೂಕು ಸಾಮಾನ್ಯವಾಗಿ ನಿಷಿದ್ಧ. ಗುಂಡಿನ ಮೂತಿ ಮೆದುವಾಗಿರಬೇಕು ಅಥವಾ ಟೊಳ್ಳಾಗಿರಬೇಕು, ಒಳಗೆ ಹೋಗಿ ಅರಳಿ ಪ್ರಾಣಿ ಬೇಗ ಸಾಯಲಿ ಅಂತ. ಈ ಮೆದು ಮೂತಿಯ ಗುಂಡು ಕುಖ್ಯಾತವಾದದ್ದು ಎಲ್ಲಿ ಗೊತ್ತಾ? ಕಲ್ಕತ್ತಾದ ಡಮ್‌ಡಮ್ ಕಾರ್ಖಾನೆಯಲ್ಲಿ, 1890ರ ದಶಕದಲ್ಲಿ. ಈಗ ಕೋಲ್ಕತ್ತ ಏರ್‌ಪೋರ್ಟ್ ಇರೋದೂ ಅದೇ ಡಮ್‌ಡಮ್‌ನಲ್ಲಿ. ಅರಳೋ ಗುಂಡನ್ನ ಯುದ್ಧದಲ್ಲಿ ಮನುಷ್ಯರ ಮೇಲೆ ಹಾರಿಸಬಾರದು ಅಂತ 1899ರಲ್ಲಿ ಹೇಗ್ ಸಮ್ಮೇಳನ ಘೋಷಿಸಿತು. ಮನುಷ್ಯನಿಗೆ ಅದು ಕ್ರೌರ್ಯ, ಜಿಂಕೆಗೆ ಅದೇ ಕರುಣೆ. ಎರಡೂ ಸರಿಯೇ ಅನ್ಸುತ್ತೆ ನನಗೆ, ಆದರೂ ಕೇಳೋಕೆ ಒಂಥರಾ.

ಹಾಗಾದರೆ ಮಾಗಡಿ ಕಡೆಯ ಹಳ್ಳಿಯವನ ಕೈಯಲ್ಲಿ ಏನಿತ್ತು? ವಿಂಚೆಸ್ಟರ್ ಅಲ್ಲ. ಬಾಯಿಂದ ಮದ್ದು ತುಂಬಿ ಗಿಡಿಯೋ ನಾಡಬಂದೂಕು. ಸ್ವಲ್ಪ ಅನುಕೂಲಸ್ಥರಾದರೆ ಬೆಳೆ ಕಾಯೋಕೆ ಅಂತ ಲೈಸೆನ್ಸ್ ಪಡೆದ ಒಂಟಿ ನಳಿಗೆ ಅಥವಾ ಜೋಡಿ ನಳಿಗೆಯ 12 ಬೋರ್. ತಿಪ್ಪಸಂದ್ರದ ಕಡೆ ಒಬ್ಬರು ಹಿರಿಯರ ಜಗಲಿ ಮೇಲೆ ಕೂತು ನಾನು ಕೇಳಿದ್ದೆ, "ತಾತ, ಆಗ ಜಿಂಕೆಗೆ ಯಾವ ಬಂದೂಕು ಒಳ್ಳೇದು ಅಂತ ಹೆಂಗೆ ಆರಿಸ್ತಿದ್ರಿ?" ಅವರು ನಕ್ಕರು. "ಆರಿಸೋಕೆ ಅದೇನು ಸೀರೆ ಅಂಗಡಿಯೇನಪ್ಪ? ಇದ್ದಿದ್ದು ಒಂದು. ಎಲ್‌ಜಿ ತೋಟಾ ಹಾಕೋದು, ಹತ್ರ ಹೋಗೋದು, ಹೊಡಿಯೋದು. ಬಿದ್ರೆ ಬಿತ್ತು."

ಎಲ್‌ಜಿ ಅಂದರೆ ಕೆಲವೇ ದಪ್ಪ ಚರೆಗಳಿರೋ ತೋಟಾ. ಮೂವತ್ತು, ನಲವತ್ತು ಗಜದ ಆಚೆ ಚರೆ ಚೆದುರಿ ಹೋಗುತ್ತೆ. ಒಂದೋ ಎರಡೋ ತಗುಲುತ್ತೆ, ಪ್ರಾಣಿ ಓಡುತ್ತೆ. "ಬೀಳದೆ ಇದ್ರೆ?" ಅಂತ ಕೇಳಿದೆ. ತಾತ ಸ್ವಲ್ಪ ಹೊತ್ತು ಸುಮ್ಮನಿದ್ದು, "ನರಳ್ಕೊಂಡು ಎಲ್ಲೋ ಸಾಯ್ತಿತ್ತು ಕಣಪ್ಪ" ಅಂದರು.

ಜಿಂಕೆಯಾದರೆ ಎಲ್ಲೋ ಸಾಯುತ್ತೆ. ಚಿರತೆ, ಹುಲಿ ಆದರೆ? ಅಂಥ ಬಂದೂಕಿನಿಂದ ಕುರಿ ಕಾಯೋಕೆ, ಹೊಲ ಕಾಯೋಕೆ ಕೂತವರು ಚಿರತೆಗೂ ಹೊಡೀತಿದ್ದರು. ಆಂಡರ್ಸನ್ ಕಥೆಗಳಲ್ಲಿ ನರಭಕ್ಷಕ ಯಾಕೆ ನರಭಕ್ಷಕ ಆಯ್ತು ಅನ್ನೋದಕ್ಕೆ ಮತ್ತೆ ಮತ್ತೆ ಬರೋ ಕಾರಣಗಳಲ್ಲಿ ಹಳೇ ಗುಂಡೇಟಿನ ಗಾಯವೂ ಒಂದು. ಕಾರ್ಬೆಟ್ ಹೊಡೆದ ಚಂಪಾವತ್ ಹುಲಿ 436 ಜನರನ್ನ ಕೊಂದಿತ್ತು ಅನ್ನೋದು ಅವನ ಲೆಕ್ಕ. ಅದರ ಬಲಗಡೆಯ ಮೇಲಿನ, ಕೆಳಗಿನ ಕೋರೆಹಲ್ಲು ಮುರಿದಿದ್ದವು. ಹಳೇ ಗುಂಡೇಟು, ಅದರಿಂದಲೇ ಮಾಮೂಲಿ ಬೇಟೆ ಹಿಡಿಯೋಕೆ ಆಗ್ತಿರಲಿಲ್ಲ ಅಂತ ಬರೆದಿದ್ದಾನೆ. ಯಾರೋ ಒಬ್ಬ ಹೊಡೆದ ಒಂದು ಏಟು, ಆಮೇಲೆ ವರ್ಷಗಟ್ಟಲೆ ಊರೂರಿಗೆ ಸಾವು.

ಆ ಹಳ್ಳಿಯವನನ್ನ ನಾನು ಬೈಯಲ್ಲ. ಒಳ್ಳೇ ರೈಫಲ್ ಕೊಳ್ಳೋಕೆ ಅವನ ಹತ್ತಿರ ದುಡ್ಡಿಲ್ಲ, ದುಡ್ಡಿದ್ದರೂ ಲೈಸೆನ್ಸ್ ಸಿಗೋದು ಕಷ್ಟ. ರಾಗಿ ತಿನ್ನೋ ಹಂದಿ, ಜಿಂಕೆ ಮಾತ್ರ ಲೈಸೆನ್ಸ್ ಕೇಳಲ್ಲ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಆಂಡರ್ಸನ್ ಸತ್ತದ್ದು ಅದಾಗಿ ಎರಡು ವರ್ಷಕ್ಕೆ. ಲೈಸೆನ್ಸ್ ಪಡೆದು ಬೇಟೆಯಾಡೋ ಬಾಗಿಲನ್ನ 1991ರ ತಿದ್ದುಪಡಿ ಮುಚ್ಚಿತು. ಇಂಗ್ಲೆಂಡ್ ತನ್ನ ಜಿಂಕೆಗೆ ಇಷ್ಟೇ ಅಳತೆಯ ಗುಂಡು ಇರಲಿ ಅಂತ ಬರೆದದ್ದೂ ಅದೇ ವರ್ಷ, ನಾವು ಗುಂಡೇ ಬೇಡ ಅಂದದ್ದೂ ಅದೇ ವರ್ಷ. ಕಾಕತಾಳೀಯ ಅಷ್ಟೆ.

ಬಂದೂಕುಗಳು ಮಾತ್ರ ಹಳ್ಳಿಗಳಲ್ಲಿ ಇನ್ನೂ ಇವೆ. ಚುನಾವಣೆ ಬಂದಾಗ ನಿಮ್ಮೂರಲ್ಲಿ ಯಾರೋ ಒಬ್ಬರು ತಾತ ಗೋಣಿಚೀಲದಲ್ಲಿ ಸುತ್ತಿದ ಉದ್ದನೆಯದೇನೋ ಹೊತ್ತು ಪೊಲೀಸ್ ಸ್ಟೇಷನ್‌ಗೆ ಹೋಗೋದು ನೋಡಿದ್ದರೆ, ಅದು ಬಹುಪಾಲು ಈ 12 ಬೋರೇ. ಮತ ಎಣಿಕೆ ಮುಗಿದ ಮೇಲೆ ವಾಪಸ್ ತರ್ತಾರೆ.

ಚಿರತೆಯೂ ಇದೆ. 2020ರ ಮೇ ತಿಂಗಳಲ್ಲಿ ಮಾಗಡಿ ತಾಲ್ಲೂಕಿನಲ್ಲೇ ಚಿರತೆ ದಾಳಿಗೆ ಒಂದು ಪುಟ್ಟ ಮಗು, ಒಬ್ಬ ವೃದ್ಧೆ ಬಲಿಯಾದರು. ಆಗ ಊರಿಗೆ ಬಂದದ್ದು ಅರಣ್ಯ ಇಲಾಖೆಯ ಬೋನುಗಳು. ಈಗ ಕಾಡುಪ್ರಾಣಿಯ ಎದುರು ಹಿಡಿಯೋ ಬಂದೂಕಿಗೂ ಕ್ಯಾಲಿಬರ್ ಇದೆ: ಅರಿವಳಿಕೆ ಮದ್ದಿನ ಡಾರ್ಟ್ ಹಾರಿಸೋದು, 11 ಮಿಲಿಮೀಟರ್ ಅಥವಾ 13. ಪ್ರಾಣಿಯ ಗಾತ್ರ ಎಷ್ಟು, ಎಷ್ಟು ಮದ್ದು ಬೇಕು, ಎಷ್ಟು ದೂರ ಅಂತ ಲೆಕ್ಕ ಹಾಕಿ ಪಶುವೈದ್ಯರು ಆರಿಸ್ತಾರೆ.

ನಿಮ್ಮ ಮನೆಯಲ್ಲಿ ಹಳೇ ಲೈಸೆನ್ಸ್ ಪುಸ್ತಕ ಇದ್ದರೆ ತೆಗೆದು ನೋಡಿ, ಬೋರ್ ಎಷ್ಟು ಅಂತ ಬರೆದಿರುತ್ತೆ. ನಮಗೂ ಬರೆದು ತಿಳಿಸಿ. ಮುಂದಿನ ಕಂತಿನಲ್ಲಿ ಸಿಗೋಣ.