ಮರ್ಫಿ ಟೌನಿನ ಮರಣಪತ್ರಗಳು ಮತ್ತು ಮನೆತನದ ಚರಿತ್ರೆ

ಬೆಂಗಳೂರು ಎಂಬ ಹೆಸರು ಬರಹದಲ್ಲಿ ಮೊದಲು ಕಾಣಿಸಿಕೊಳ್ಳುವುದು ಒಂದು ಸಾವಿನ ದಾಖಲೆಯಲ್ಲಿ. ಬೇಗೂರಿನ ದೇವಾಲಯದ ಆವರಣದಲ್ಲಿರುವ, ಸುಮಾರು 890ರ ಕಾಲದ ಕನ್ನಡ ವೀರಗಲ್ಲು, ಗಂಗರ ಕಾಲದ ನಾಗತ್ತರನ ಕಡೆಯವರು ಬೆಂಗಳೂರಿನ ಕಾಳಗದಲ್ಲಿ ಮಡಿದ ಸಂಗತಿಯನ್ನು ಹೇಳುತ್ತದೆ. ಅದನ್ನು ಕಂಡರಿಸಿದವರ ಉದ್ದೇಶ ಊರಿನ ಚರಿತ್ರೆಯನ್ನು ಬರೆಯುವುದಾಗಿರಲಿಲ್ಲ. ಸತ್ತವರ ನೆನಪನ್ನು ಉಳಿಸುವುದಷ್ಟೇ ಆಗಿತ್ತು. ಆದರೆ ಸಾವನ್ನು ದಾಖಲಿಸುವ ಬರಹ ಸತ್ತವನೊಬ್ಬನಲ್ಲಿಯೇ ನಿಲ್ಲುವುದಿಲ್ಲ. ಅವನ ಒಡೆಯ, ಅವನ ಬಂಧು, ಅವನ ಊರು, ಅವನು ಕಾದ ಕಾಳಗ ಇವೆಲ್ಲವೂ ಅದರೊಳಗೆ ಬಂದು ಸೇರುತ್ತವೆ.

ಶ್ರವಣಬೆಳಗೊಳದ ನಿಸಿಧಿ ಶಾಸನಗಳಲ್ಲಿ ಈ ಗುಣ ಇನ್ನೂ ಸ್ಪಷ್ಟವಾಗಿದೆ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆಯು 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡುದನ್ನೂ, ಆ ಬಳಿಕ ಆಕೆಯ ತಾಯಿ ಮಾಚಿಕಬ್ಬೆಯು ಬೆಳಗೊಳದಲ್ಲಿ ಸಲ್ಲೇಖನವನ್ನು ಕೈಗೊಂಡು ಮುಡಿಪಿದುದನ್ನೂ ಹೇಳುವ ಶಾಸನವು, ಮಾಚಿಕಬ್ಬೆಯ ತಂದೆ ಬಲದೇವ ದಂಡನಾಯಕ, ತಾಯಿ ಬಾಚಿಕಬ್ಬೆ ಎಂದು ಆಕೆಯ ತವರಿನ ಪರಂಪರೆಯನ್ನೂ ನೀಡುತ್ತದೆ. ರಾಣಿಯೊಬ್ಬಳ ತಾಯಿಯ ತವರುಮನೆ ಒಂಬತ್ತು ಶತಮಾನಗಳ ಬಳಿಕವೂ ತಿಳಿಯುವುದು ಇಂತಹ ಮರಣಲೇಖದಿಂದ. ಆದರೆ ಈ ಭಾಗ್ಯ ದಂಡನಾಯಕರ, ಸೆಟ್ಟಿಗಳ, ಮುನಿಗಳ ಪಾಲಿಗೆ ಒದಗಿದಷ್ಟು ಸಾಮಾನ್ಯರ ಪಾಲಿಗೆ ಒದಗಲಿಲ್ಲ. ಕಲ್ಲನ್ನು ತರಿಸಿ, ಕಂಡರಿಸಿ, ನಿಲ್ಲಿಸುವ ಶಕ್ತಿಯಿದ್ದವರ ವಂಶ ಉಳಿಯಿತು. ಉಳಿದವರದು ಬಾಯಿಂದ ಬಾಯಿಗೆ ಸಾಗಿ ಮೂರನೆಯ ತಲೆಮಾರಿಗೆ ಮಸುಕಾಯಿತು.

ಈ ವ್ಯತ್ಯಾಸ ಇಪ್ಪತ್ತನೆಯ ಶತಮಾನದಲ್ಲಿ ಹೇಗೆ ಮುಂದುವರಿಯಿತು ಎಂಬುದಕ್ಕೆ ಹಲಸೂರಿನ ಪಕ್ಕದ ಮರ್ಫಿ ಟೌನ್ ಉತ್ತಮ ನಿದರ್ಶನ. ಹಿಂದೆ ನಾಕ್ಸ್‌ಪೇಟೆ ಎನಿಸಿಕೊಂಡಿದ್ದ ಈ ಬಡಾವಣೆಗೆ, ದಂಡಿನ ಪ್ರದೇಶದಲ್ಲಿ ಎಂಜಿನಿಯರಾಗಿದ್ದ ಮರ್ಫಿಯವರ ಹೆಸರು ಬಂದಿತು. ಇಲ್ಲಿ ನೆಲೆಸಿದವರಲ್ಲಿ ಬಹುಪಾಲು ದುಡಿಯುವ ಜನ. ದಂಡಿನೊಂದಿಗೆ, ದಂಡಿನ ಕಟ್ಟಡ ಕೆಲಸಗಳೊಂದಿಗೆ, 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರಿಗೆ ಬಂದ ರೈಲುಮಾರ್ಗದೊಂದಿಗೆ ತಮಿಳು ಸೀಮೆಯ ಅನೇಕ ಕುಟುಂಬಗಳು ಕಂಟೋನ್ಮೆಂಟಿನ ಪೂರ್ವಭಾಗಕ್ಕೆ ಬಂದವು. ಕನ್ನಡ, ತೆಲುಗು, ಉರ್ದು ಮನೆಮಾತಿನವರೂ ಅವರೊಡನೆ ಬೆರೆತರು. ಹೊಲವಿಲ್ಲದವರಿಗೆ ಪಹಣಿಯಿಲ್ಲ, ಸ್ವಂತ ಮನೆಯಿಲ್ಲದವರಿಗೆ ಕ್ರಯಪತ್ರವಿಲ್ಲ. ಹುಟ್ಟಿದ ದಿನವನ್ನು ಬರೆದಿಡುವ ರೂಢಿಯೂ ಎಲ್ಲ ಮನೆಗಳಲ್ಲಿ ಇರಲಿಲ್ಲ.

ಅದೇ ಕಂಟೋನ್ಮೆಂಟಿನಲ್ಲಿ ಸತ್ತ ಆಂಗ್ಲ ಸಿಪಾಯಿಯ ಸಂಗತಿ ಬೇರೆ. ಚರ್ಚಿನ ಸಮಾಧಿ ರಿಜಿಸ್ಟರಿನಲ್ಲಿ ಅವನ ಹೆಸರು, ವಯಸ್ಸು, ವೃತ್ತಿ, ಮರಣದ ದಿನ, ಹೂಳಿದ ದಿನ ದಾಖಲಾಗುತ್ತಿದ್ದವು. ಅದರ ಪ್ರತಿ ಮದರಾಸಿಗೆ, ಅಲ್ಲಿಂದ ಲಂಡನ್ನಿಗೆ ಹೋಗುತ್ತಿತ್ತು. ಆ ಪ್ರತಿಗಳು ಇಂದಿಗೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಬೆಂಗಳೂರಿನಲ್ಲಿ ಸತ್ತ ತನ್ನ ಮುತ್ತಜ್ಜನನ್ನು ಇಂಗ್ಲೆಂಡಿನ ಮೊಮ್ಮಗಳು ಮನೆಯಲ್ಲಿ ಕುಳಿತೇ ಹುಡುಕಬಲ್ಲಳು. ಆ ಸಿಪಾಯಿಯ ಗುಂಡಿಯನ್ನು ತೋಡಿದವನ ಮೊಮ್ಮಗಳಿಗೆ ಹುಡುಕಲು ಉಳಿದಿರುವುದೇನು? ಸ್ಥಳೀಯ ಕ್ರೈಸ್ತರಾದರೆ ಶಿವಾಜಿನಗರದ ಸೇಂಟ್ ಮೇರೀಸ್ ಮೊದಲಾದ ಚರ್ಚುಗಳ ರಿಜಿಸ್ಟರುಗಳುಂಟು. ಉಳಿದವರಿಗೆ ಅನೇಕ ವೇಳೆ ಒಂದೇ ಒಂದು ಬರಹ ಉಂಟು: ಸಾವಿನ ಸುದ್ದಿಯನ್ನು ಸಾರಿದ ಕಾಗದ.

ಈ ಕಾಗದ ಹಲವು ರೂಪಗಳಲ್ಲಿ ಬರುತ್ತದೆ. ಮೊದಲನೆಯದು ಗೋಡೆಗೆ ಅಂಟಿಸುವ ಪೋಸ್ಟರು. ತಮಿಳಿನಲ್ಲಿ ‘ಕಣ್ಣೀರ್ ಅಂಜಲಿ’ ಎಂದೋ, ಕನ್ನಡದಲ್ಲಿ ‘ಭಾವಪೂರ್ಣ ಶ್ರದ್ಧಾಂಜಲಿ’ ಎಂದೋ ತಲೆಬರಹವಿರುವ ಇದನ್ನು ಬೀದಿಯ ತಿರುವಿನಲ್ಲಿ ಇಂದಿಗೂ ಕಾಣಬಹುದು. ಎರಡನೆಯದು ಬಂಧುಗಳಿಗೆ ಹಂಚುವ ತಿಥಿ ಕಾರ್ಡು. ಮೂರನೆಯದು ಪತ್ರಿಕೆಗಳಲ್ಲಿ ಹಣ ಕೊಟ್ಟು ಹಾಕಿಸುವ ನಿಧನವಾರ್ತೆ ಅಥವಾ ಪುಣ್ಯತಿಥಿಯ ಜಾಹೀರಾತು. 1948ರಲ್ಲಿ ‘ಪ್ರಜಾವಾಣಿ’, ‘ಡೆಕ್ಕನ್ ಹೆರಾಲ್ಡ್’ ಆರಂಭವಾದ ಬಳಿಕ ಇದು ಮಧ್ಯಮ ವರ್ಗಕ್ಕೆ ಹತ್ತಿರವಾಯಿತು. ಮರ್ಫಿ ಟೌನಿನಂತಹ ಕಡೆ ಮೊದಲ ಎರಡೇ ಹೆಚ್ಚು ಬಳಕೆಯವು. ಅವು ಯಾವ ಗ್ರಂಥಾಲಯವನ್ನೂ ಸೇರಲಿಲ್ಲ.

ಇಂತಹ ಕಾಗದವನ್ನು ಶಾಸನವನ್ನು ಓದುವ ಎಚ್ಚರದಿಂದಲೇ ಓದಬೇಕು. ಮೊದಲು ಗಮನಿಸತಕ್ಕದ್ದು ಸಾವನ್ನು ಹೇಳುವ ಮಾತು. ‘ಲಿಂಗೈಕ್ಯ’, ‘ಶಿವಗಣಾರಾಧನೆ’ ಎಂದಿದ್ದರೆ ಮನೆತನ ವೀರಶೈವ ಸಂಪ್ರದಾಯದ್ದು. ‘ವೈಕುಂಠ ಸಮಾರಾಧನೆ’, ‘ಕೈಲಾಸ ಸಮಾರಾಧನೆ’ ಎಂಬ ಮಾತುಗಳು ಕುಟುಂಬದ ವೈಷ್ಣವ ಅಥವಾ ಶೈವ ಒಲವನ್ನು ಸೂಚಿಸುತ್ತವೆ. ‘ಸಮಾಧಿಮರಣ’ ಜೈನರ ಮಾತು. ‘ಕರ್ತನಲ್ಲಿ ನಿದ್ರೆಹೋದರು’ ಎಂಬುದು ಪ್ರಾಟೆಸ್ಟೆಂಟ್ ಕ್ರೈಸ್ತರ ಬಳಕೆ. ಈ ಒಂದು ಪದದಿಂದ ಮುಂದಿನ ಹುಡುಕಾಟ ಯಾವ ಚರ್ಚಿನ, ಯಾವ ಮಠದ, ಯಾವ ರುದ್ರಭೂಮಿಯ ಪುಸ್ತಕದ ಕಡೆಗೆ ಸಾಗಬೇಕೆಂಬುದು ತಿಳಿಯುತ್ತದೆ. ಅಜ್ಜನ ಕಾರ್ಡಿನಲ್ಲಿ ಒಂದು ಮಾತು, ಅಪ್ಪನ ಕಾರ್ಡಿನಲ್ಲಿ ಇನ್ನೊಂದು ಇದ್ದರೆ, ನಡುವಿನ ಕಾಲದಲ್ಲಿ ಮನೆ ಮತವನ್ನೋ ಆಚರಣೆಯನ್ನೋ ಬದಲಾಯಿಸಿರುವ ಸಾಧ್ಯತೆಯುಂಟು.

ಎರಡನೆಯದು ದಿನದ ಲೆಕ್ಕ. ತಿಥಿ ಕಾರ್ಡಿನಲ್ಲಿ ಮುಖ್ಯವಾಗಿ ಅಚ್ಚಾಗುವುದು ಕರ್ಮದ ದಿನ. ಮರಣದ ದಿನ ಕೆಲವೊಮ್ಮೆ ಇರುವುದೇ ಇಲ್ಲ. ಹದಿನಾರನೆಯ ದಿನದ ಕಾರ್ಯ ನವೆಂಬರ್ 20ರಂದು ಎಂದಿದ್ದರೆ, ಸತ್ತ ದಿನವನ್ನು ಮೊದಲನೆಯದಾಗಿ ಎಣಿಸುವ ರೂಢಿಯಂತೆ ಮರಣ ನವೆಂಬರ್ 5ರಂದು ಆಗಿರಬೇಕು. ಬಂಧುಗಳ ಅನುಕೂಲಕ್ಕಾಗಿ ಕಾರ್ಯವನ್ನು ಭಾನುವಾರಕ್ಕೆ ತಂದುಕೊಳ್ಳುವುದೂ ಉಂಟಾದುದರಿಂದ ಒಂದೆರಡು ದಿನಗಳ ವ್ಯತ್ಯಾಸಕ್ಕೆ ಎಡೆಯಿರಬೇಕು. ವರ್ಷವೇ ಇಲ್ಲದ ಕಾಗದದಲ್ಲಿ ವಾರದ ಹೆಸರು ನೆರವಿಗೆ ಬರುತ್ತದೆ. ‘ಜುಲೈ 26, ಶನಿವಾರ’ ಎಂದು ಮಾತ್ರ ಇದ್ದರೆ ಅದು 1941, 1947, 1952, 1958 ಈ ವರ್ಷಗಳಲ್ಲಿ ಯಾವುದಾದರೂ ಆಗಬಹುದು, ಬೇರೆ ನಡುವಿನ ವರ್ಷವಾಗಲಾರದು. ಸಂವತ್ಸರದ ಹೆಸರಿದ್ದರೆ ಆಯ್ಕೆ ಇನ್ನೂ ಕಿರಿದು: ಸರ್ವಜಿತ್ ಸಂವತ್ಸರವು 1887, 1947, 2007ರಲ್ಲಿ ಆರಂಭವಾಯಿತು; ಅರವತ್ತು ವರ್ಷಗಳ ಅಂತರವನ್ನು ತಪ್ಪಿ ಗ್ರಹಿಸುವುದು ಕಷ್ಟ. ವಾರ್ಷಿಕ ಶ್ರಾದ್ಧವನ್ನು ಚಾಂದ್ರಮಾನದ ತಿಥಿಯಂತೆ ನಡೆಸುವ ಮನೆಗಳಲ್ಲಿ ಆಂಗ್ಲ ತಾರೀಖು ವರ್ಷವರ್ಷಕ್ಕೆ ಸರಿಯುತ್ತದೆ. ಆದ್ದರಿಂದ ಹತ್ತನೆಯ ವರ್ಷದ ಜಾಹೀರಾತಿನ ತಾರೀಖನ್ನೇ ಮರಣದ ತಾರೀಖೆಂದು ಬರೆದುಕೊಳ್ಳುವುದು ಸರಿಯಲ್ಲ.

ಮೂರನೆಯದು, ಬಹಳ ಜನ ಗಮನಿಸದ ‘ದಿ.’ ಎಂಬ ಒಂದಕ್ಷರ. ‘ದಿ. ಇಂಥವರ ಧರ್ಮಪತ್ನಿ’ ಎಂದಿದ್ದರೆ, ಗಂಡ ಈ ಕಾಗದಕ್ಕಿಂತ ಮೊದಲೇ ತೀರಿಹೋಗಿದ್ದನೆಂದಾಯಿತು. ಹೀಗೆ ಒಂದು ಸಾವಿನ ಕಾಗದ ಇನ್ನೆರಡು ಮೂರು ಸಾವುಗಳಿಗೆ ಗಡಿಯನ್ನು ಹಾಕುತ್ತದೆ. 1962ರ ಕಾರ್ಡಿನಲ್ಲಿ ಬದುಕಿರುವವರ ಪಟ್ಟಿಯಲ್ಲಿದ್ದ ಹಿರಿಯ ಮಗನ ಹೆಸರು 1975ರ ಕಾರ್ಡಿನಲ್ಲಿ ‘ದಿ.’ ಸಹಿತ ಬಂದರೆ, ಅವನ ಮರಣ ಈ ಹದಿಮೂರು ವರ್ಷಗಳೊಳಗೆ ನಡೆದುದು ಖಚಿತ. ಒಂದೇ ಮನೆಯ ಮೂರು ನಾಲ್ಕು ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ ವಂಶವೃಕ್ಷದ ಬಹುಭಾಗ ತಾನಾಗಿಯೇ ಮೂಡುತ್ತದೆ.

ಇನ್ನು ದುಃಖತಪ್ತರ ಪಟ್ಟಿ. ಪತ್ನಿ, ಮಕ್ಕಳು, ಸೊಸೆಯಂದಿರು, ಅಳಿಯಂದಿರು, ಮೊಮ್ಮಕ್ಕಳು, ಮರಿಮಕ್ಕಳು ಎಂಬ ಕ್ರಮದಲ್ಲಿ ಹೆಸರುಗಳು ಬರುತ್ತವೆ. ಮಕ್ಕಳ ಹೆಸರುಗಳು ಸಾಮಾನ್ಯವಾಗಿ ಹಿರಿತನವನ್ನು ಅನುಸರಿಸುತ್ತವೆ. ಸತ್ತಾಕೆ ಹೆಂಗಸಾದರೆ ಗಂಡನ ಮನೆಯ ಹೆಸರೇ ಮುಂದಾಗಿ, ತವರು ಮರೆಯಾಗುತ್ತದೆ. ಆದರೆ ಪಟ್ಟಿಯ ಕೊನೆಯಲ್ಲಿ ‘ಅಣ್ಣತಮ್ಮಂದಿರು’ ಎಂಬ ಸಾಲಿದ್ದರೆ ತವರಿನ ಜಾಡು ಅಲ್ಲಿಯೇ ಸಿಕ್ಕುತ್ತದೆ. ಮಾಚಿಕಬ್ಬೆಯ ಕಲ್ಲು ಹೇಳಿದುದನ್ನು ಈ ಸಾಲು ಸಂಕ್ಷೇಪವಾಗಿ ಹೇಳುತ್ತದೆ. ಹೆಸರಿನ ಮುಂದಿನ ಅಕ್ಷರಗಳನ್ನೂ ವಿವೇಕದಿಂದ ಬಿಡಿಸಬೇಕು. ತಮಿಳರಲ್ಲಿ ಅದು ಬಹುತೇಕ ತಂದೆಯ ಹೆಸರಿನ ಮೊದಲಕ್ಷರ. ಹಳೆಯ ಮೈಸೂರಿನ ಕನ್ನಡಿಗರಲ್ಲಿ ಊರಿನ ಅಕ್ಷರವೂ ಸೇರಿರುತ್ತದೆ. ಆಂಬೂರು, ಗುಡಿಯಾತ್ತಂ, ಕೋಲಾರದ ಚಿನ್ನದ ಗಣಿ ಮೊದಲಾದ ಸ್ಥಳನಾಮಗಳು ಬಂಧುಗಳ ಹೆಸರಿನೊಡನೆ ಬಂದರೆ, ಮನೆತನ ಬೆಂಗಳೂರಿಗೆ ಬಂದ ದಾರಿ ಗೋಚರಿಸುತ್ತದೆ. ಪೋಸ್ಟರಿನ ಅಡಿಯಲ್ಲಿ ಅಚ್ಚಾದ ಆಟೋ ನಿಲ್ದಾಣದ ಗೆಳೆಯರ ಬಳಗ, ಅಂಬೇಡ್ಕರ್ ಸಂಘ, ಕಾರ್ಖಾನೆಯ ಯೂನಿಯನ್ ಇವು ಸತ್ತವನ ದುಡಿಮೆಯನ್ನೂ ಒಡನಾಟವನ್ನೂ ತಿಳಿಸುತ್ತವೆ.

ಈ ಆಕರ ದೋಷರಹಿತವಲ್ಲ. ಮರಣದ ದಿನ, ಬಂಧುಗಳ ಹೆಸರು ಇವುಗಳಲ್ಲಿ ನಂಬಿಕೆಗೆ ಅರ್ಹವಾದ ಕಾಗದವು ವಯಸ್ಸಿನ ವಿಷಯದಲ್ಲಿ ಅಷ್ಟು ಅರ್ಹವಲ್ಲ. ಹುಟ್ಟಿದ ವರ್ಷ ತಿಳಿಯದ ಮುದುಕಿಗೆ ಮನೆಯವರು 80, 90 ಎಂದು ದುಂಡಗೆ ಹೇಳುವುದು ಸಹಜ. ಜಗಳವಾಡಿ ಮನೆ ಬಿಟ್ಟ ಮಗ, ಬೇರೆ ಜಾತಿಯಲ್ಲಿ ಮದುವೆಯಾದ ಮಗಳು, ಎರಡನೆಯ ಹೆಂಡತಿ ಪಟ್ಟಿಯಿಂದ ಹೊರಗುಳಿದಿರಬಹುದು. ಹೆಸರಿಲ್ಲವೆಂದ ಮಾತ್ರಕ್ಕೆ ವ್ಯಕ್ತಿಯೇ ಇರಲಿಲ್ಲವೆಂದು ತೀರ್ಮಾನಿಸಲಾಗದು.

ಆದುದರಿಂದ ಕಾಗದದಿಂದ ದೊರೆತ ದಿನವನ್ನು ಸರಕಾರಿ ದಾಖಲೆಯೊಡನೆ ತಾಳೆ ನೋಡಬೇಕು. 1947ರ ಜುಲೈ 26ರಂದು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಮೈಸೂರು ಸಂಸ್ಥಾನಕ್ಕೆ ಮರಳಿತು. 1949ರಲ್ಲಿ ದಂಡು ಮತ್ತು ಪೇಟೆಗಳ ಪುರಸಭೆಗಳು ಕೂಡಿ ಒಂದೇ ಕಾರ್ಪೊರೇಷನ್ ಆಯಿತು. ಮರಣ ಈ ಗಡಿಗಳ ಯಾವ ಕಡೆಗೆ ಬಿದ್ದಿತೆಂಬುದನ್ನು ಅನುಸರಿಸಿ ಯಾವ ಆಡಳಿತದ ಪುಸ್ತಕವನ್ನು ಕೇಳಬೇಕೆಂಬುದು ನಿರ್ಧಾರವಾಗುತ್ತದೆ. 1969ರ ಜನನ ಮರಣ ನೋಂದಣಿ ಅಧಿನಿಯಮದ 17ನೆಯ ಪ್ರಕರಣದಂತೆ ಯಾರೇ ಆಗಲಿ ಶುಲ್ಕ ತೆತ್ತು ರಿಜಿಸ್ಟರಿನಲ್ಲಿ ಹುಡುಕಿಸಿ ಪ್ರತಿಯನ್ನು ಪಡೆಯಬಹುದು. ಮರಣದ ಕಾರಣವನ್ನು ಮಾತ್ರ ಅದರಲ್ಲಿ ತಿಳಿಸುವಂತಿಲ್ಲ. ವರ್ಷವೇ ಗೊತ್ತಿಲ್ಲದೆ ಹುಡುಕಿಸುವುದು ವ್ಯರ್ಥಶ್ರಮ. ಆ ವರ್ಷವನ್ನು ಕೊಡುವುದು ಮನೆಯ ಮೂಲೆಯಲ್ಲಿ ಉಳಿದ ಕಾರ್ಡು.

ಇದು ಬರಿಯ ಕುತೂಹಲದ ವಿಷಯವಲ್ಲ. ಅಜ್ಜನ ಹೆಸರಿನಲ್ಲಿದ್ದ ಮನೆಯ ಖಾತೆಯನ್ನು ಬದಲಾಯಿಸಲು ಕಂದಾಯ ಇಲಾಖೆಯ ವಂಶವೃಕ್ಷ ಬೇಕಾದಾಗ, ಗಂಡುಮಕ್ಕಳ ಹೆಸರನ್ನಷ್ಟೇ ಹೇಳಿ ಹೆಣ್ಣುಮಕ್ಕಳನ್ನು ಬಿಡುವ ಪ್ರವೃತ್ತಿ ಹಳೆಯದು. ನಲವತ್ತು ವರ್ಷಗಳ ಹಿಂದೆ, ಆಸ್ತಿಯ ಮಾತೇ ಇಲ್ಲದಿದ್ದಾಗ, ಅದೇ ಮನೆಯವರು ಅಚ್ಚು ಹಾಕಿಸಿದ ಕಾರ್ಡಿನಲ್ಲಿ ಹೆಣ್ಣುಮಕ್ಕಳ ಮತ್ತು ಅಳಿಯಂದಿರ ಹೆಸರುಗಳು ಸಾಲಾಗಿ ಇರುತ್ತವೆ. ಅದೊಂದೇ ಹಕ್ಕನ್ನು ಸ್ಥಾಪಿಸಲಾರದು. ಆದರೆ ಇಂಥ ಮಗಳಿದ್ದಳು ಎಂಬುದನ್ನು ಅಲ್ಲಗಳೆಯಲು ಬಿಡದು.

ಹಾಗಿದ್ದರೂ ಈ ಕಾಗದಗಳು ಉಳಿದಿರುವುದು ವಿರಳ. ಪೋಸ್ಟರು ಮಳೆಗೆ ನೆನೆದು ಹರಿಯುತ್ತದೆ, ಅದರ ಮೇಲೆ ಇನ್ನೊಂದು ಅಂಟುತ್ತದೆ. ಕಾರ್ಡಿನ ನಾಶಕ್ಕೆ ಇನ್ನೊಂದು ಕಾರಣವುಂಟು: ಅಶುಭವಾರ್ತೆಯ ಕಾಗದವನ್ನು ಮನೆಯೊಳಗೆ ಇಟ್ಟುಕೊಳ್ಳಬಾರದು, ಓದಿದ ಕೂಡಲೇ ಹರಿದು ಎಸೆಯಬೇಕು ಎಂಬ ನಂಬಿಕೆ ನಾಡಿನಾದ್ಯಂತ ಹರಡಿದೆ. ಈ ನಂಬಿಕೆಯನ್ನು ಹಳಿಯಬೇಕಾಗಿಲ್ಲ. ಅದರೊಡನೆಯೇ ಕೆಲಸ ಮಾಡುವ ದಾರಿಗಳಿವೆ. ಹರಿಯುವ ಮೊದಲು ಒಂದು ಚಿತ್ರವನ್ನು ತೆಗೆದುಕೊಳ್ಳಬಹುದು. ಇಲ್ಲವೇ ಮನೆಯ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಹೆಸರು, ದಿನ, ಸಂಬಂಧ, ಹೂಳಿದ ಅಥವಾ ದಹಿಸಿದ ಸ್ಥಳ ಇಷ್ಟನ್ನು ಬರೆದಿಡಬಹುದು. ಮೊದಲಕ್ಷರಗಳನ್ನು ಬಿಡಿಸಿ ಪೂರ್ಣ ಹೆಸರು ಹೇಳಬಲ್ಲ ಹಿರಿಯರನ್ನು ಅವರಿರುವಾಗಲೇ ಕೇಳಿಕೊಳ್ಳಬೇಕು. ಬದುಕಿರುವವರ ವಿಳಾಸ, ಫೋನ್ ಸಂಖ್ಯೆಗಳನ್ನು ಮಾತ್ರ ಪರರಿಗೆ ಹಂಚಕೂಡದು.

ಕಲ್ಲಿನ ಬರಹಗಳನ್ನು ಊರೂರು ತಿರುಗಿ ಪ್ರತಿಮಾಡಿಸಿ ‘ಎಪಿಗ್ರಾಫಿಯಾ ಕರ್ನಾಟಿಕ’ದ ಸಂಪುಟಗಳಲ್ಲಿ ಉಳಿಸಿಕೊಟ್ಟ ಬಿ. ಎಲ್. ರೈಸ್ ಹುಟ್ಟಿದ್ದು ಇದೇ ಬೆಂಗಳೂರಿನಲ್ಲಿ, 1837ರಲ್ಲಿ. ಆ ಸಂಪುಟಗಳಿಲ್ಲದಿದ್ದರೆ ಅನೇಕ ನಿಸಿಧಿಗಳ, ವೀರಗಲ್ಲುಗಳ ಪಾಠ ಇಂದು ಲಭ್ಯವಿರುತ್ತಿರಲಿಲ್ಲ. ಕಾಗದದ ಮರಣಲೇಖಗಳಿಗೆ ಅಂತಹ ಸಂಪಾದಕರು ದೊರೆತಿಲ್ಲ. ಮರ್ಫಿ ಟೌನಿನ ಮನೆಗಳಲ್ಲಿ ಟ್ರಂಕಿನ ತಳದಲ್ಲಿ, ದೇವರ ಪಟದ ಹಿಂದೆ, ಹಳೆಯ ರೇಷನ್ ಕಾರ್ಡಿನ ಮಡಿಕೆಯಲ್ಲಿ ಉಳಿದಿರುವುದನ್ನು ಸಂಗ್ರಹಿಸುವ ಕೆಲಸ ಆಯಾ ಮನೆಯವರಿಂದಲೇ ಆಗಬೇಕಾಗಿದೆ.