ಸತ್ತ ಪಂಪು, ಸೋತ ತಂತಿ: ಪೆಟ್ರೋಲ್ ಕಾರಿನ ಫ್ಯೂಯೆಲ್ ಪಂಪ್ ತಪಾಸಣೆಯ ಒಂದು ವಿವೇಚನೆ

2020ರ ಜೂನ್‌ನಲ್ಲಿ ಹೋಂಡಾ ಕಾರ್ಸ್ ಇಂಡಿಯಾ ಫ್ಯೂಯೆಲ್ ಪಂಪ್ ಬದಲಿಸಿಕೊಡಲು 65,651 ಕಾರುಗಳನ್ನು ವಾಪಸು ಕರೆಯಿತು. ಮರುತಿಂಗಳೇ ಮಾರುತಿ ಸುಜುಕಿ 1,34,885 ವ್ಯಾಗನ್‌ಆರ್ ಮತ್ತು ಬಲೆನೊಗಳನ್ನು ಪಂಪಿನ ತಪಾಸಣೆಗೆ ಕರೆಸಿತು. ಬಲೆನೊದ ಅವಳಿಯಾದ ಗ್ಲಾಂಝಾವನ್ನು ಮಾರುತ್ತಿದ್ದ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕೂಡ ಸುಮಾರು 6,500 ಕಾರುಗಳಿಗೆ ಅದೇ ಕರೆ ಕೊಟ್ಟಿತು.

ಅದೇ ವರ್ಷ ಅಮೆರಿಕದಲ್ಲಿ ಟೊಯೋಟಾ ನಡೆಸಿದ ವಾಪಸಾತಿಯಲ್ಲಿ ದೋಷದ ಮೂಲ ಸ್ಪಷ್ಟವಾಗಿ ಸಿಕ್ಕಿತು. ಡೆನ್ಸೊ ಕಂಪನಿಯ ಪಂಪಿನೊಳಗೆ ಪೆಟ್ರೋಲನ್ನು ತಳ್ಳುವ ಪ್ಲಾಸ್ಟಿಕ್ ಚಕ್ರ, ಅಂದರೆ ಇಂಪೆಲ್ಲರ್, ಕಡಿಮೆ ಸಾಂದ್ರತೆಯದಾಗಿತ್ತು. ಅದರ ಮೈ ಬಿರುಕು ಬಿಟ್ಟು, ಪೆಟ್ರೋಲ್ ಹೀರಿ ಊದಿಕೊಂಡು, ಪಂಪಿನ ಗೋಡೆಗೆ ಉಜ್ಜುವ ಸಂಭವವಿತ್ತು. ಓಡುವ ಕಾರು ನಡುರಸ್ತೆಯಲ್ಲಿ ನಿಂತುಬಿಡುವ ಅಪಾಯ ಬಂದದ್ದು ಇಲ್ಲಿಂದ.

ಇಷ್ಟಾದರೂ, ನಿಂತ ಕಾರುಗಳಲ್ಲೆಲ್ಲ ಪಂಪೇ ಅಪರಾಧಿಯಲ್ಲ. ಫ್ಯೂಸ್, ರಿಲೇ, ಅರ್ತ್ ತಂತಿ, ಟ್ಯಾಂಕಿನ ಮೇಲಿನ ಕನೆಕ್ಟರ್, ಇವುಗಳಲ್ಲಿ ಯಾವುದು ಕೈಕೊಟ್ಟರೂ ಲಕ್ಷಣ ಒಂದೇ. ಇಗ್ನಿಷನ್ ಆನ್ ಮಾಡಿದಾಗ ಹಿಂಬದಿ ಸೀಟಿನ ಕೆಳಗಿಂದ ಸುಮಾರು ಎರಡು ಸೆಕೆಂಡು ಬರುವ 'ಗುಂಯ್' ಸದ್ದನ್ನು ಮೆಕ್ಯಾನಿಕ್‌ಗಳು ಮೊದಲು ಆಲಿಸುತ್ತಾರೆ. ಸದ್ದು ಕೇಳಿಸಿದರೆ ಮೋಟಾರು ತಿರುಗುತ್ತಿದೆ ಎಂದಷ್ಟೇ ತಿಳಿಯುತ್ತದೆ. ಒತ್ತಡ ಏರಿದೆಯೇ ಎಂಬುದು ತಿಳಿಯುವುದಿಲ್ಲ.

ಹೆಚ್ಚಿನ ತಪ್ಪು ತೀರ್ಮಾನಗಳು ಹುಟ್ಟುವುದು ವೋಲ್ಟೇಜ್ ಅಳೆಯುವಲ್ಲಿ. ಕನೆಕ್ಟರ್ ಕಳಚಿ, ಮಲ್ಟಿಮೀಟರ್ ಇಟ್ಟು, 12 ವೋಲ್ಟ್ ಕಂಡೊಡನೆ 'ಕರೆಂಟು ಬರ್ತಿದೆ, ಪಂಪೇ ಹೋಗಿದೆ' ಎನ್ನುವುದುಂಟು. ಕಳಚಿದ ತಂತಿಯಲ್ಲಿ ವಿದ್ಯುತ್ ಹರಿಯದ ಕಾರಣ, ತುಕ್ಕು ಹಿಡಿದ ಪಿನ್ನಿನ ಆಚೆಗೂ ಮೀಟರು ಪೂರ್ತಿ ವೋಲ್ಟೇಜನ್ನೇ ತೋರಿಸುತ್ತದೆ. ಪಂಪು 5 ಆಂಪಿಯರ್ ಎಳೆಯುವಾಗ ಆ ಪಿನ್ನಿನಲ್ಲಿ 0.4 ಓಮ್ ಪ್ರತಿರೋಧ ಇದ್ದರೆ ಅಲ್ಲೇ 2 ವೋಲ್ಟ್ ಸೋರಿಹೋಗುತ್ತದೆ. ಮೋಟಾರಿನ ವೇಗ ಕುಗ್ಗುತ್ತದೆ, ಒತ್ತಡ ಬೀಳುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹೊಸ ಪಂಪು ತಂದು ಕೂರಿಸಿದರೂ ಈ ದೋಷ ಕದಲುವುದಿಲ್ಲ. ಆದ್ದರಿಂದ ಕನೆಕ್ಟರ್ ಜೋಡಿಸಿಯೇ, ಪಂಪು ಓಡುತ್ತಿರುವಾಗಲೇ ಅಳೆಯಬೇಕು, ಅರ್ತ್ ಬದಿಯನ್ನೂ ಬಿಡದೆ.

ಪ್ರಸ್ತುತ ಲೇಖನದ ವಾದವಿಷ್ಟು: ವೋಲ್ಟೇಜ್, ಆಂಪಿಯರ್, ಒತ್ತಡ, ಈ ಮೂರನ್ನೂ ಒಟ್ಟಿಗೆ ಓದದ ತಪಾಸಣೆ ಅಪೂರ್ಣ. ವೋಲ್ಟೇಜೂ ಆಂಪಿಯರೂ ಎರಡೂ ಇಳಿದಿದ್ದರೆ ಶಂಕೆ ತಂತಿಯ ಮೇಲೆ. ವೋಲ್ಟೇಜ್ ಸರಿಯಿದ್ದು ಆಂಪಿಯರ್ ಸೊನ್ನೆಯಾದರೆ ಮೋಟಾರಿನೊಳಗಿನ ಮಂಡಲವೇ ತುಂಡಾಗಿದೆ. ಸವೆದ ಬ್ರಷ್ಷು ಹಲವು ಸಲ ಇದಕ್ಕೆ ಕಾರಣ. ಟ್ಯಾಂಕಿನ ತಳಕ್ಕೆ ತಟ್ಟಿದಾಗ ಇಂಥ ಪಂಪು ಒಮ್ಮೊಮ್ಮೆ ಎದ್ದು ಕೂರುವುದು ಬ್ರಷ್ಷಿಗೆ ಮತ್ತೆ ಸಂಪರ್ಕ ಸಿಗುವುದರಿಂದ. ವೋಲ್ಟೇಜ್ ಸರಿಯಿದ್ದು, ಆಂಪಿಯರ್ ಏರಿ, ಒತ್ತಡ ಮಾತ್ರ ಕುಸಿದಿದ್ದರೆ ಮೋಟಾರು ಯಾವುದನ್ನೋ ಎದುರಿಸಿ ತಿಣುಕುತ್ತಿದೆ. ಮುಂದಿನ ಫಿಲ್ಟರ್ ಕಟ್ಟಿಕೊಂಡಿರಬಹುದು, ಇಂಪೆಲ್ಲರ್ ಉಜ್ಜುತ್ತಿರಬಹುದು.

ಆಸಿಲೋಸ್ಕೋಪ್ ಇದ್ದರೆ ಇನ್ನೂ ಒಳಗೆ ಇಣುಕಬಹುದು. ಕರೆಂಟ್ ಕ್ಲ್ಯಾಂಪನ್ನು ಪಂಪಿನ ತಂತಿಗೆ ಸಿಕ್ಕಿಸಿದರೆ ಪರದೆಯ ಮೇಲೆ ಸಾಲುದಿಬ್ಬಗಳು ಮೂಡುತ್ತವೆ. ಕಮ್ಯುಟೇಟರ್‌ನಲ್ಲಿ ಎಂಟು ಪಟ್ಟಿಗಳಿರುವ ಮೋಟಾರಿನಲ್ಲಿ ಎಂಟು ದಿಬ್ಬ ಸೇರಿದರೆ ಒಂದು ಸುತ್ತು. ಆ ಸುತ್ತಿಗೆ 10 ಮಿಲಿಸೆಕೆಂಡ್ ಹಿಡಿದರೆ ವೇಗ ನಿಮಿಷಕ್ಕೆ 6,000 ಸುತ್ತು. ಪ್ರತಿ ಎಂಟನೆಯ ದಿಬ್ಬ ಕುಗ್ಗಿದ್ದರೆ ಆ ಒಂದು ಪಟ್ಟಿ ಹಾಳಾಗಿದೆ ಎಂದರ್ಥ. ಟ್ಯಾಂಕ್ ಬಿಚ್ಚದೆ, ಒಂದು ಹನಿ ಪೆಟ್ರೋಲ್ ಚೆಲ್ಲದೆ ಇಷ್ಟು ಸಾಕ್ಷ್ಯ ಸಿಗುವುದು ನಿಜಕ್ಕೂ ಸಂತೋಷದ ಸಂಗತಿ.

ಬೆಳಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆದ ಮೇಲಷ್ಟೇ ಸ್ಟಾರ್ಟ್ ಆಗುವ ಕಾರಿನ ಕತೆ ಬೇರೆ. ಅಲ್ಲಿ ಎಂಜಿನ್ ಆರಿಸಿದ ಮೇಲೆ ಒತ್ತಡ ಎಷ್ಟು ಹೊತ್ತು ನಿಲ್ಲುತ್ತದೆಂದು ನೋಡಬೇಕು. ಚೆಕ್ ವಾಲ್ವ್, ರೆಗ್ಯುಲೇಟರ್, ಸೋರುವ ಇಂಜೆಕ್ಟರ್, ಮೂರೂ ಅನುಮಾನಕ್ಕೆ ಒಳಗಾಗುತ್ತವೆ.

ಇಂಪೆಲ್ಲರ್ ಊದಿಕೊಳ್ಳುವಂಥ ದೋಷ ಒಂದೇ ದಿನದಲ್ಲಿ ಪೂರ್ತಿ ಬಲಿಯುವಂಥದ್ದಲ್ಲ. ಕಾರು ಗ್ಯಾರೇಜಿನಲ್ಲಿ ತಣ್ಣಗೆ ನಿಂತಾಗ ಮೂರೂ ಅಳತೆಗಳು ಸರಿಯಾಗಿಯೇ ಬರಬಹುದು. ಹಾಗಾಗಿ ಒತ್ತಡದ ಗೇಜನ್ನೂ ಕ್ಲ್ಯಾಂಪನ್ನೂ ಜೋಡಿಸಿಕೊಂಡೇ, ಎಂಜಿನ್ ಪೂರ್ತಿ ಬಿಸಿಯಾಗಿ ದೂರು ಮರುಕಳಿಸುವವರೆಗೂ ಅಳತೆಯನ್ನು ದಾಖಲಿಸುವುದು, ಅದಕ್ಕೂ ಮೊದಲು ಚಾಸಿ ನಂಬರನ್ನು ತಯಾರಕರ ವಾಪಸಾತಿ ಪಟ್ಟಿಯಲ್ಲಿ ಹುಡುಕುವುದು ಅಗತ್ಯ. ಪಟ್ಟಿಯಲ್ಲಿರುವ ಕಾರಿನ ದೋಷಯುಕ್ತ ಪಂಪಿನ ಬದಲಾವಣೆ ಉಚಿತ.